ನಾಲ್ಕು ಚಕ್ರದ ಕುದುರೆ

ಹಳ್ಳಿಗಳಲ್ಲಿ ಎತ್ತು ಕೊಳ್ಳುವುದೆಂದರೆ ಅದೊಂದು ವಿದ್ಯೆಯೇ ಆಗಿತ್ತು. ಹಲ್ಲು ನೋಡಬೇಕು, ಗೊರಸು ನೋಡಬೇಕು, ಸುಳಿ ನೋಡಬೇಕು. ಹತ್ತು ಹೆಜ್ಜೆ ನಡೆಸಬೇಕು. ನೊಗಕ್ಕೆ ಕತ್ತು ಕೊಡುವ ಬಗೆಯನ್ನು ಗಮನಿಸಬೇಕು. ಆಮೇಲೆಯೇ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವ ಮಾತು. ಮೈಬಣ್ಣ ನೋಡಿ ಮರುಳಾಗಿ ಹಣ ಎಣಿಸಿದವನನ್ನು ಕಂಡು ಜಾತ್ರೆಗೆ ಜಾತ್ರೆಯೇ ನಗುತ್ತಿತ್ತು.

ಆಸ್ಟ್ರೇಲಿಯ, ನ್ಯೂಜಿಲೆಂಡ್ ದೇಶಗಳ ಕುರಿಗಾರರು ಇಂದು ಕೊಳ್ಳುವುದು ಬೇರೊಂದು ಪ್ರಾಣಿಯನ್ನು. ಅದಕ್ಕೆ ನಾಲ್ಕು ಕಾಲುಗಳ ಬದಲು ನಾಲ್ಕು ಉಬ್ಬಿದ ಟಯರುಗಳಿವೆ. ಲಗಾಮಿನ ಬದಲು ಬೈಕಿನ ಹ್ಯಾಂಡಲ್ ಇದೆ. ಕುದುರೆಯ ಬೆನ್ನಿನ ಮೇಲೆ ಕೂಡುವಂತೆಯೇ ಅದರ ಮೇಲೆ ಕಾಲು ಇಳಿಬಿಟ್ಟು ಕೂಡಬೇಕು. ಅಮೆರಿಕದವರು ಅದನ್ನು ಎ.ಟಿ.ವಿ. ಎಂದು ಕರೆಯುತ್ತಾರೆ, ಎಂದರೆ ಎಲ್ಲ ಬಗೆಯ ನೆಲದ ಮೇಲೂ ಓಡುವ ವಾಹನ. ಆಸ್ಟ್ರೇಲಿಯದವರಿಗೆ ಅದು ಕ್ವಾಡ್ ಬೈಕ್. ಕೊಡಗಿನ ಕಡೆಗೆ ವಿಹಾರಕ್ಕೆ ಹೋದವರು ರೆಸಾರ್ಟುಗಳ ಅಂಗಳದಲ್ಲಿ ಇದನ್ನು ಕಂಡಿರಬಹುದು. ಟಿಕೆಟು ಕೊಂಡು ಕೆಸರಿನಲ್ಲಿ ಎರಡು ಸುತ್ತು ಹೊಡೆದೂ ಇರಬಹುದು. ಆದರೆ ಅದು ಅದರ ಆಟದ ಮುಖ ಮಾತ್ರ. ಅದರ ನಿಜವಾದ ತವರು ಗೋಮಾಳ, ಬೇಲಿಸಾಲು, ಗುಡ್ಡದ ಇಳಿಜಾರು.

ಈ ವಾಹನದ ಹುಟ್ಟೇ ಒಂದು ಸ್ವಾರಸ್ಯದ ಕಥೆ. ಚಳಿಗಾಲದಲ್ಲಿ ಹಿಮ ಬಿದ್ದೊಡನೆ ಅಮೆರಿಕದಲ್ಲಿ ಮೋಟಾರ್ ಸೈಕಲ್ ವ್ಯಾಪಾರ ತಣ್ಣಗಾಗುತ್ತಿತ್ತು. ಆ ತಿಂಗಳುಗಳಲ್ಲಿಯೂ ಅಂಗಡಿಯವರ ಕೈಗೆ ಮಾರಲು ಏನಾದರೊಂದು ಬೇಕೆಂಬ ಬೇಡಿಕೆ ಜಪಾನಿನ ಹೋಂಡಾ ಕಂಪನಿಗೆ ಹೋಯಿತು. ಅಲ್ಲಿನ ಎಂಜಿನಿಯರ್ ಒಸಾಮು ತಾಕೆಯುಚಿ ಮತ್ತು ಅವರ ಸಂಗಡಿಗರು ಹಲವು ಆಕಾರಗಳನ್ನು ಪ್ರಯೋಗಿಸಿ, ಕೊನೆಗೆ ಮೂರು ಚಕ್ರದ ಒಂದು ಪುಟ್ಟ ಬಂಡಿಯನ್ನು ಸಿದ್ಧಪಡಿಸಿದರು. 1970ರಲ್ಲಿ ಮಾರಾಟಕ್ಕೆ ಬಂದ ಈ ‘ಯು.ಎಸ್. 90’ಗೆ ಸ್ಪ್ರಿಂಗುಗಳೇ ಇರಲಿಲ್ಲ. ಬಲೂನಿನಂತಹ ಮೆತ್ತನೆಯ ಟಯರುಗಳೇ ಕುಲುಕಾಟವನ್ನು ನುಂಗಿಕೊಳ್ಳಬೇಕಾಗಿತ್ತು. ಮರುವರ್ಷ, 1971ರಲ್ಲಿ, ಜೇಮ್ಸ್ ಬಾಂಡ್ ಪಾತ್ರದ ಶಾನ್ ಕಾನರಿ ‘ಡೈಮಂಡ್ಸ್ ಆರ್ ಫಾರೆವರ್’ ಚಿತ್ರದಲ್ಲಿ ಇಂತಹದೇ ಬಂಡಿಯೇರಿ ಓಡಿದಾಗ, ಅದಕ್ಕೆ ಬೇರೆ ಜಾಹೀರಾತಿನ ಅಗತ್ಯವೇ ಉಳಿಯಲಿಲ್ಲ.

ಆಟಕ್ಕೆಂದು ಹುಟ್ಟಿದ್ದನ್ನು ಕೆಲಸಕ್ಕೆ ಹಚ್ಚಿದವರು ರೈತರು. ಟ್ರ್ಯಾಕ್ಟರ್ ಹೂತುಹೋಗುವ ಹಸಿ ನೆಲದಲ್ಲಿ ಇದು ಹುಲ್ಲನ್ನು ನಲುಗಿಸದೆ ಸಾಗುತ್ತದೆ. ಕುದುರೆಗಾದರೆ ದಿನವೂ ಮೇವು ಬೇಕು, ಲಾಯ ಬೇಕು. ಇದಕ್ಕೆ ಓಡಿದಷ್ಟಕ್ಕೆ ಮಾತ್ರ ಪೆಟ್ರೋಲು. ಆದರೆ ಮುಂದೆ ಒಂದೇ ಚಕ್ರವುಳ್ಳ ಆ ಬಂಡಿ ತಿರುವಿನಲ್ಲಿ ಮಗುಚುವುದು ಬಹಳ ಸುಲಭ. ಸತ್ತವರ, ಅಂಗ ಮುರಿದುಕೊಂಡವರ ಸಂಖ್ಯೆ ಏರುತ್ತ ಹೋಗಿ, ವಿಷಯ ಅಮೆರಿಕದ ನ್ಯಾಯಾಲಯದವರೆಗೂ ಹೋಯಿತು. 1988ರ ಒಪ್ಪಂದದಂತೆ ಕಂಪನಿಗಳು ಮೂರು ಚಕ್ರದ ಬಂಡಿಗಳ ಮಾರಾಟವನ್ನು ನಿಲ್ಲಿಸಿದವು. ಅಷ್ಟರಲ್ಲಿ ಸುಜುಕಿ ಕಂಪನಿ ನಾಲ್ಕು ಚಕ್ರದ ಮಾದರಿಯನ್ನು ಹೊರತಂದಿತ್ತು; 1986ರ ಹೊತ್ತಿಗೆ ಹೋಂಡಾ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಯುವ ಬಂಡಿಯನ್ನೂ ತಂದಿತು. ಇಂದಿನ ದುಡಿಮೆಯ ಎ.ಟಿ.ವಿ.ಗಳೆಲ್ಲ ಅದೇ ಸಂತತಿಯವು.

ಮೂರಕ್ಕೆ ಇನ್ನೊಂದು ಚಕ್ರ ಸೇರಿದ ಮಾತ್ರಕ್ಕೆ ಮಗುಚುವ ಭಯ ತೀರಿತೆ? ತೀರಲಿಲ್ಲ. ಕೊಳ್ಳುವವನು ಮೊದಲು ತಿಳಿಯಬೇಕಾದುದು ಇದನ್ನೇ. ಆಸ್ಟ್ರೇಲಿಯದಲ್ಲಿ 2011ರಿಂದ 2018ರವರೆಗೆ ವರ್ಷಕ್ಕೆ ಸರಾಸರಿ 16 ಮಂದಿ ಕ್ವಾಡ್ ಬೈಕಿನ ಅಪಘಾತಗಳಲ್ಲಿ ಸತ್ತರು. ಅತಿವೇಗದಿಂದ ಮರಕ್ಕೆ ಗುದ್ದಿ ಸತ್ತವರೇ ಇವರೆಲ್ಲ ಎಂದು ಭಾವಿಸಬಾರದು. ದಿನವೂ ಓಡಾಡುವ ಸ್ವಂತ ಹೊಲದಲ್ಲಿ, ಹೆಚ್ಚಿನ ವೇಗವೂ ಇಲ್ಲದಾಗ, ಒಂದು ಚಕ್ರ ದಿಣ್ಣೆಯನ್ನೋ ಮರದ ಬೊಡ್ಡೆಯನ್ನೋ ಹತ್ತಿ ಬಂಡಿ ಮಗುಚಿಕೊಂಡು, ಅದರ ಭಾರದಡಿ ಎದೆ ಒತ್ತಿಹೋಗಿ ಉಸಿರು ಕಟ್ಟಿ ಸತ್ತವರೂ ಅವರಲ್ಲಿದ್ದಾರೆ. ಮುನ್ನೂರು ಕಿಲೋ ಸುಮಾರಿನ ಯಂತ್ರ ಮೈಮೇಲೆ ಬಿದ್ದಾಗ, ಒಂಟಿಯಾಗಿರುವ ಮನುಷ್ಯನ ಕೂಗು ಕುರಿಗಳ ವಿನಾ ಯಾರಿಗೆ ಕೇಳೀತು?

ಹೀಗಿದ್ದರೂ ಅಂಗಡಿಗೆ ಹೋದವರ ಮೊದಲ ಪ್ರಶ್ನೆ, ‘ಎಷ್ಟು ಸಿ.ಸಿ.?’ ಎಂಬುದೇ. ಬೇಲಿಯ ಗೂಟ ಸಾಗಿಸಲು, ಕುರಿ ಅಟ್ಟಲು, ಸಣ್ಣ ಟ್ರೈಲರ್ ಎಳೆಯಲು, ಬಿಡುವಿನಲ್ಲಿ ಕಾಡಿನ ಹಾದಿಯಲ್ಲಿ ಸುತ್ತಿ ಬರಲು 400ರಿಂದ 570 ಸಿ.ಸಿ.ಯ ಎಂಜಿನ್ ಬಹುಮಂದಿಗೆ ಧಾರಾಳವಾಗಿ ಸಾಕು. ಅದಕ್ಕಿಂತ ದೊಡ್ಡದನ್ನು ಬಯಸುವುದು ಅನೇಕ ವೇಳೆ ಪಕ್ಕದ ಹೊಲದವನ ಬಂಡಿಯನ್ನು ನೋಡಿದ ಪರಿಣಾಮ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದುದು ಹಿಂದಿನ ಅಚ್ಚಿನ ಬಗ್ಗೆ. ದುಡಿಮೆಗೂ ವಿಹಾರಕ್ಕೂ ಒಂದೇ ವಾಹನ ಬೇಕೆನ್ನುವವನಿಗೆ ಇಲ್ಲಿಯೇ ಎರಡು ದೋಣಿಗಳ ಮೇಲೆ ಕಾಲಿಟ್ಟ ಅನುಭವವಾಗುವುದು. ಕೆಲವು ಬಂಡಿಗಳಲ್ಲಿ ಹಿಂದಿನ ಎರಡು ಚಕ್ರಗಳು ಒಂದೇ ಗಟ್ಟಿ ಅಚ್ಚಿಗೆ ಬಿಗಿದಿರುತ್ತವೆ, ಎತ್ತಿನ ಗಾಡಿಯಲ್ಲಿರುವಂತೆ. ಹಿಂದೆ ಭಾರ ಹೇರಿದರೂ ಬಂಡಿ ಒಂದು ಮಗ್ಗುಲಿಗೆ ವಾಲುವುದು ಕಡಿಮೆ. ಕೀಲುಗಳೂ ಕಡಿಮೆಯಾದುದರಿಂದ ರಿಪೇರಿಯೂ ಕಡಿಮೆ. ಆದರೆ ಕಲ್ಲು ಬೇರುಗಳ ಹಾದಿಯಲ್ಲಿ ಎರಡು ಗಂಟೆ ಓಡಿಸಿದವನ ಸೊಂಟವೇ ಅದರ ಕುಂದನ್ನು ಹೇಳುತ್ತದೆ. ಇನ್ನು ಕೆಲವು ಬಂಡಿಗಳಲ್ಲಿ ಪ್ರತಿ ಚಕ್ರವೂ ತನ್ನ ಪಾಡಿಗೆ ತಾನು ಏರಿಳಿಯುತ್ತದೆ. ಸವಾರಿ ಹಾಯಾಗಿರುತ್ತದೆ, ಬಂಡಿಯ ಹೊಟ್ಟೆ ನೆಲದಿಂದ ಹೆಚ್ಚು ಎತ್ತರದಲ್ಲಿರುತ್ತದೆ. ಆದರೆ ಭಾರ ಹೇರಿದಾಗ ಹಿಂಭಾಗ ಕುಸಿಯುತ್ತದೆ, ಅಡ್ಡ ಇಳಿಜಾರಿನಲ್ಲಿ ಕೆಳಮಗ್ಗುಲಿಗೆ ಇನ್ನಷ್ಟು ಬಾಗುತ್ತದೆ. ವಾರದಲ್ಲಿ ಆರು ದಿನ ದುಡಿದು ಏಳನೆಯ ದಿನ ವಿಹರಿಸುವವನು ಆರು ದಿನಗಳ ಲೆಕ್ಕವನ್ನೇ ಹಿಡಿಯುವುದು ಲೇಸು. ಏಳನೆಯ ದಿನದ ಕುಲುಕಾಟವನ್ನು ಸಹಿಸಬಹುದು.

ಗೇರಿನ ವಿಚಾರ ಇದರಷ್ಟು ಜಟಿಲವಲ್ಲ. ಬಹುಪಾಲು ಬಂಡಿಗಳಲ್ಲಿ ಈಗ ರಬ್ಬರ್ ಬೆಲ್ಟಿನ ಮೂಲಕ ವೇಗ ತಾನಾಗಿಯೇ ಹೊಂದಿಕೊಳ್ಳುತ್ತದೆ. ಮತ್ತೆ ಮತ್ತೆ ನಿಂತು ಹೊರಡುವ ಕೆಲಸಗಾರನಿಗೆ ಇದು ಅನುಕೂಲವೇ. ಆಳವಾದ ನೀರಿನಲ್ಲಿ ನುಗ್ಗಿಸಿ ಬೆಲ್ಟ್ ಒದ್ದೆಯಾದರೆ ಮಾತ್ರ ಅದು ಜಾರತೊಡಗುತ್ತದೆ. ಹಲ್ಲುಗಾಲಿಯ ಗೇರುಗಳಿಗೆ ಆ ಭಯವಿಲ್ಲ. ಯಾವುದನ್ನೇ ಕೊಂಡರೂ ಒಂದನ್ನು ಪರೀಕ್ಷಿಸದೆ ಬಿಡಬಾರದು: ಇಳಿಜಾರಿನಲ್ಲಿ ಪೆಟ್ರೋಲು ಕೊಡುವುದನ್ನು ನಿಲ್ಲಿಸಿದಾಗ ಎಂಜಿನ್ ಬಂಡಿಯನ್ನು ಹಿಡಿದು ನಿಲ್ಲಿಸುತ್ತದೆಯೆ, ಇಲ್ಲವೆ ಕೈಬಿಡುತ್ತದೆಯೆ? ಕೆಲವು ಹಳೆಯ ಬೆಲ್ಟ್ ಬಂಡಿಗಳು ಇಳಿಜಾರಿನಲ್ಲಿ ಹೀಗೆ ಕೈಬಿಡುವುದುಂಟು. ಹಿಂದೆ ಭಾರದ ಟ್ರೈಲರ್ ಇದ್ದಾಗ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

ಭಾರದ ಮಾತು ಬಂದಿತು. ಮುಂದೆ ಒಂದು, ಹಿಂದೆ ಒಂದು ಕಬ್ಬಿಣದ ಕ್ಯಾರಿಯರ್ ಇರುವುದೇ ದುಡಿಮೆಯ ಬಂಡಿಯ ಲಕ್ಷಣ. ಸಾಮಾನ್ಯವಾಗಿ ಮುಂದಿನದು 40–55 ಕಿಲೋ, ಹಿಂದಿನದು 80–110 ಕಿಲೋ ಹೊರುವಂತೆ ರಚಿತವಾಗಿರುತ್ತದೆ. ‘ಕಂಪನಿಯವರು ಹೆದರಿಸಲು ಕಡಿಮೆ ಬರೆದಿರುತ್ತಾರೆ’ ಎಂದು ಹೇಳುವ ಜಾಣರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಆದರೆ ಆ ಅಂಕೆ ಕಬ್ಬಿಣ ಮುರಿಯುವ ಲೆಕ್ಕ ಮಾತ್ರವಲ್ಲ, ಬಂಡಿಯ ತೂಕ ತಪ್ಪುವ ಲೆಕ್ಕವೂ ಹೌದು. ಎತ್ತರದಲ್ಲಿ ಕಟ್ಟಿದ ಪ್ರತಿಯೊಂದು ಮೂಟೆಯೂ ಮಗುಚುವ ಕ್ಷಣವನ್ನು ಹತ್ತಿರಕ್ಕೆ ತರುತ್ತದೆ. ಎಲ್ಲಕ್ಕಿಂತ ಮೋಸಗಾರ ಭಾರವೆಂದರೆ ಕಳೆನಾಶಕದ ಟ್ಯಾಂಕು. ತುಂಬಿದ್ದಾಗ ಅದು ಸ್ಥಿರ, ಖಾಲಿಯಾದಾಗ ಹಗುರ. ಅರ್ಧ ಖಾಲಿಯಾದಾಗ ಮಾತ್ರ ಒಳಗಿನ ದ್ರವ ತಿರುವಿನಲ್ಲಿ ಹೊರಮಗ್ಗುಲಿಗೂ ಇಳಿಜಾರಿನಲ್ಲಿ ಕೆಳಮಗ್ಗುಲಿಗೂ ನುಗ್ಗಿ ಬಂಡಿಯನ್ನು ಎಳೆಯುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ಇಲ್ಲಿ ಅಕ್ಷರಶಃ ಗ್ರಹಿಸಬಹುದು. ಒಳಗೆ ತಡೆಹಲಗೆಗಳಿರುವ ಟ್ಯಾಂಕು ಸಿಕ್ಕಿದರೆ ಅದನ್ನೇ ಕೊಳ್ಳಬೇಕು; ಇಳಿಜಾರಿನ ಹೊಲಕ್ಕೆ ಟ್ರೈಲರಿನ ಮೇಲೆ ಟ್ಯಾಂಕು ಕಟ್ಟುವ ಯೋಚನೆಯಿದ್ದರೆ, ಎಳೆಯುವ ಸಾಮರ್ಥ್ಯದ ಅಂಕೆಯನ್ನು ಇನ್ನೊಮ್ಮೆ ಓದಬೇಕು.

ಟಯರಿನ ಗಾಳಿಯೂ ಈ ಸಮತೋಲನದ ಒಂದು ಅಂಗ. ಕಾರಿನ ಟಯರಿಗೆ 30 ಪೌಂಡಿನಷ್ಟು ಗಾಳಿ ಬೇಕಾದರೆ, ಈ ಬಂಡಿಗೆ ನಾಲ್ಕರಿಂದ ಏಳು ಪೌಂಡು ಸಾಕು. ಒಂದು ಮಗ್ಗುಲಿನಲ್ಲಿ ಎರಡು ಪೌಂಡು ವ್ಯತ್ಯಾಸವಾದರೂ ಬಂಡಿ ಆ ಕಡೆಗೆ ಎಳೆಯುತ್ತದೆ. ಪೆಟ್ರೋಲ್ ಬಂಕಿನ ಮಾಪಕದಲ್ಲಿ ಇಷ್ಟು ಸೂಕ್ಷ್ಮ ಕಾಣದು. ಕಡಿಮೆ ಒತ್ತಡ ಅಳೆಯುವ ಚಿಕ್ಕ ಮಾಪಕವೊಂದನ್ನು ಬಂಡಿಯ ಜೊತೆಗೇ ಕೊಳ್ಳಬೇಕು. ಅಂದ ಹಾಗೆ, ಈ ಮೆತ್ತನೆಯ ಟಯರುಗಳು ಡಾಂಬರು ರಸ್ತೆಗೆ ಹೇಳಿಸಿದವಲ್ಲ. ಗಟ್ಟಿ ಅಚ್ಚಿನ ಬಂಡಿಯನ್ನು ಡಾಂಬರಿನ ಮೇಲೆ ವೇಗವಾಗಿ ತಿರುಗಿಸುವುದೆಂದರೆ ಅಪಾಯವನ್ನು ಆಹ್ವಾನಿಸಿದಂತೆ.

ಸೀಟು ನೋಡಿ ಮೋಸಹೋಗುವವರು ಇನ್ನೂ ಹೆಚ್ಚು. ಅದು ಉದ್ದವಾಗಿ, ಮೆತ್ತಗೆ, ಇಬ್ಬರು ಕೂಡುವಷ್ಟು ವಿಶಾಲವಾಗಿರುತ್ತದೆ. ಆ ಉದ್ದ ಇನ್ನೊಬ್ಬರಿಗಾಗಿ ಅಲ್ಲ. ಏರುವಾಗ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ, ತಿರುವಿನಲ್ಲಿ ಒಳಮಗ್ಗುಲಿಗೆ ಸವಾರನು ತನ್ನ ಮೈಯನ್ನು ಸರಿಸಿಕೊಳ್ಳಲಿ ಎಂದು. ಈ ಬಂಡಿಯ ಸಮತೋಲನದಲ್ಲಿ ಸವಾರನ ಮೈಯೇ ಒಂದು ತೂಕದ ಕಲ್ಲು. ಹಿಂದೆ ಇನ್ನೊಬ್ಬರು ಕೂತರೆ ಅವನು ಸರಿಯುವುದಾದರೂ ಎಲ್ಲಿಗೆ? ಇಬ್ಬರಿಗೆಂದೇ ಉದ್ದನೆಯ ಚೌಕಟ್ಟಿನಲ್ಲಿ ರಚಿಸಿದ ಮಾದರಿಗಳು ಬೇರೆಯೇ ಇವೆ. ಹೆಂಡತಿಯನ್ನೋ ಗೆಳೆಯನನ್ನೋ ಜೊತೆಗೆ ಕರೆದೊಯ್ಯುವ ಉದ್ದೇಶವುಳ್ಳವನು ಅವನ್ನೇ ವಿಚಾರಿಸಬೇಕು.

ಇಲ್ಲವಾದರೆ ‘ಸೈಡ್-ಬೈ-ಸೈಡ್’ ಎಂಬ ಇನ್ನೊಂದು ಜಾತಿಯ ವಾಹನವಿದೆ: ಜೀಪಿನ ತಮ್ಮನಂತೆ ಪಕ್ಕಪಕ್ಕದ ಆಸನಗಳು, ಸ್ಟಿಯರಿಂಗ್, ಸೀಟು ಬೆಲ್ಟು, ತಲೆಯ ಮೇಲೆ ಉಕ್ಕಿನ ಪಂಜರ. ಭಾರ ಹೊರುವುದರಲ್ಲಿ ಅದೇ ಮೇಲು. ಬೆಲ್ಟ್ ಕಟ್ಟಿಕೊಂಡವನಿಗೆ ಪಂಜರದ ರಕ್ಷಣೆಯೂ ಉಂಟು. ಬರಿಯ ದುಡಿಮೆಯೇ ಆದರೆ ಅದನ್ನೇ ಕೊಳ್ಳಿ ಎಂದು ಹೇಳಿ ಮುಗಿಸಬಹುದಿತ್ತು. ತೊಡಕು ಬರುವುದು ವಿಹಾರದ ಹಾದಿಯಲ್ಲಿ. ಹಾದಿಸವಾರಿಯ ಹುಚ್ಚು ಹೆಚ್ಚಾಗಿರುವ ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಎಷ್ಟೋ ಹಾದಿಗಳು 50 ಅಂಗುಲ ಅಥವಾ ಅದಕ್ಕಿಂತ ಕಡಿಮೆ ಅಗಲದ ವಾಹನಗಳಿಗೆ ಮಾತ್ರ ತೆರೆದಿವೆ. ಸಾಮಾನ್ಯ ಎ.ಟಿ.ವಿ. ಆ ಮಿತಿಯೊಳಗೆ ಹಿಡಿಸುತ್ತದೆ. ದುಡಿಮೆಯ ಸೈಡ್-ಬೈ-ಸೈಡ್‌ಗಳಲ್ಲಿ ಬಹಳಷ್ಟು ಹಿಡಿಸುವುದಿಲ್ಲ. ಹಣ ತೆತ್ತು ತಂದು ಅರಣ್ಯದ ಬಾಗಿಲಿನಿಂದ ಹಿಂದಿರುಗುವುದಕ್ಕಿಂತ ಮೊದಲೇ ಅಳತೆಪಟ್ಟಿ ಹಿಡಿಯುವುದು ಒಳಿತು.

ಈ ಎಲ್ಲ ತೂಕ, ಅಳತೆಗಳನ್ನು ಗಿರಾಕಿಯ ಕಣ್ಣಿಗೆ ಕಾಣುವಂತೆ ಮಾಡಿದ್ದು ಆಸ್ಟ್ರೇಲಿಯದ ಸರ್ಕಾರ. 2019ರಲ್ಲಿ ಅದು ಹೊರಡಿಸಿದ ಸುರಕ್ಷಾ ನಿಯಮದ ಮೊದಲ ಹಂತ 2020ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು: ಎಷ್ಟು ಡಿಗ್ರಿ ಓರೆಯಾದರೆ ಈ ಬಂಡಿ ಎರಡು ಚಕ್ರಗಳ ಮೇಲೆ ಏಳುತ್ತದೆ ಎಂಬುದನ್ನು ಬರೆದ ಚೀಟಿಯನ್ನು ಹೊಸ ಬಂಡಿಗೆ ತೂಗುಹಾಕಿರಲೇಬೇಕು. ಎರಡನೆಯ ಹಂತ ಬಂದದ್ದು 2021ರ ಅಕ್ಟೋಬರಿನಲ್ಲಿ. ಅದರಂತೆ ದುಡಿಮೆಯ ಹೊಸ ಬಂಡಿ 28.81 ಡಿಗ್ರಿಯವರೆಗಿನ ಅಡ್ಡ ಓರೆಯಲ್ಲಿ ಎರಡು ಚಕ್ರಗಳ ಮೇಲೆ ಏಳಕೂಡದು. ಸವಾರನ ಬೆನ್ನ ಹಿಂದೆ ಕಮಾನಿನಂತಹ ರಕ್ಷಣಾ ಸಾಧನವೂ ಇರಬೇಕು. ಬಂಡಿ ಮಗುಚಿದರೂ ಈ ಕಮಾನು ನೆಲಕ್ಕೂ ಬಂಡಿಗೂ ನಡುವೆ ಉಸಿರಾಡುವಷ್ಟು ಎಡೆ ಉಳಿಸಬೇಕೆಂಬುದು ಉದ್ದೇಶ.

ಕಂಪನಿಗಳು ಇದನ್ನು ಒಪ್ಪಲಿಲ್ಲ. ಕಮಾನೇ ಸವಾರನಿಗೆ ಪೆಟ್ಟು ಮಾಡಬಹುದು, ಹೆಲ್ಮೆಟ್ ಮತ್ತು ತರಬೇತಿಯೇ ಮದ್ದು ಎಂದು ಅವು ವಾದಿಸಿದವು. ಹೋಂಡಾ, ಯಮಾಹಾದಂತಹ ಹೆಸರಾಂತ ಸಂಸ್ಥೆಗಳು ಆ ದೇಶದಲ್ಲಿ ಕ್ವಾಡ್ ಬೈಕ್ ಮಾರುವುದನ್ನೇ ನಿಲ್ಲಿಸುವುದಾಗಿ 2020ರಲ್ಲಿ ಸಾರಿದವು. ತರಬೇತಿ ಬೇಕೆಂಬ ಮಾತು ದಿಟ. ಆದರೆ ನಲವತ್ತು ವರ್ಷ ಬಂಡಿ ಓಡಿಸಿದ ರೈತರೂ ತಮ್ಮದೇ ಹೊಲದಲ್ಲಿ ಸತ್ತಿರುವಾಗ, ತರಬೇತಿಯೊಂದೇ ಸಾಕೆನ್ನುವುದು ಸುಲಭವಾಗಿ ಒಪ್ಪುವ ವಾದವಲ್ಲ. ಬೇರೆ ದೇಶಗಳಲ್ಲಿ ಬಂಡಿ ಕೊಳ್ಳುವವನೂ ಇಂತಹ ಕಮಾನನ್ನು ಪ್ರತ್ಯೇಕವಾಗಿ ಕೊಂಡು ಜೋಡಿಸಬಹುದು. ಅದರ ಬೆಲೆಯನ್ನು, ಹೆಲ್ಮೆಟ್ಟಿನ ಬೆಲೆಯನ್ನು, ಒಂದು ದಿನದ ತರಬೇತಿಯ ಖರ್ಚನ್ನು ಬಂಡಿಯ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಬೇಕು. ಹಣ ಸಾಲದಿದ್ದರೆ ಎಂಜಿನ್ನಿನಲ್ಲಿ ನೂರು ಸಿ.ಸಿ. ಕಡಿಮೆ ಮಾಡಿಕೊಳ್ಳಬೇಕು.

ಕೊನೆಯದಾಗಿ ಮನೆಯ ಮಕ್ಕಳ ವಿಚಾರ. ಕುದುರೆ ಕಂಡರೆ ಕಾಲುನೋವು ಎಂಬಂತೆ, ಅಂಗಳದಲ್ಲಿ ಬಂಡಿ ನಿಂತರೆ ಹನ್ನೆರಡು ವರ್ಷದ ಹುಡುಗನಿಗೆ ನಡೆದು ಹೋಗುವುದೇ ಬೇಡವಾಗುತ್ತದೆ. ದೊಡ್ಡವರ ಬಂಡಿ, ಎಂದರೆ 90 ಸಿ.ಸಿ.ಗಿಂತ ಹೆಚ್ಚಿನದು, 16 ವರ್ಷ ತುಂಬದವರಿಗೆ ಸಲ್ಲದೆಂದು ಅಮೆರಿಕದಲ್ಲಿ 1988ರ ಒಪ್ಪಂದದ ಕಾಲದಲ್ಲಿಯೇ ತೀರ್ಮಾನವಾಯಿತು. ಇದು ಮಕ್ಕಳ ಜಾಣತನದ ಪ್ರಶ್ನೆಯಲ್ಲ. ಮೂವತ್ತೈದು ಕಿಲೋ ತೂಕದ ಹುಡುಗ ಸೀಟಿನ ಮೇಲೆ ಎಷ್ಟು ಸರಿದರೂ ಮುನ್ನೂರು ಕಿಲೋದ ಯಂತ್ರಕ್ಕೆ ಅದು ತಿಳಿಯುವುದೇ ಇಲ್ಲ. ಅವನಿಗೆ ಚಿಕ್ಕವರ ಬಂಡಿಯೇ ಬೇರೆ ಸಿಗುತ್ತದೆ. ಅದನ್ನು ಕೊಡಿಸಲು ಮನಸ್ಸಿಲ್ಲದ ತಂದೆ, ದೊಡ್ಡ ಬಂಡಿಯ ಕೀಲಿಯನ್ನು ಪ್ರತಿ ಸಂಜೆ ತೆಗೆದು ಒಳಗೆ, ಮಕ್ಕಳ ಕೈಗೆಟುಕದ ಗೂಟಕ್ಕೆ ತೂಗುಹಾಕಬೇಕಾಗುತ್ತದೆ.