ಪಿಟೀಲು ಕಲಿಯುವಾಗ ಕೈಗೆ ಅಂಟೋ ಕೆಟ್ಟ ಅಭ್ಯಾಸಗಳು: ಬರೋದು ಎಲ್ಲಿಂದ, ಬಿಡಿಸೋದು ಹೇಗೆ?

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ಮನೇಲಿ ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ಪಿಟೀಲು, ಅಂದ್ರೆ ವಯೊಲಿನ್. ಕಲಿಯೋಕೆ ಶುರು ಮಾಡಿದ ಮೊದಲ ವರ್ಷದಲ್ಲಿ ಕೈಗೆ ಅಂಟಿಕೊಳ್ಳೋ ಕೆಟ್ಟ ಅಭ್ಯಾಸಗಳ ಬಗ್ಗೆ ಮಾತಾಡೋಣ.

ಮೊದಲು ನನ್ನದೇ ಕಥೆ. ದೊಡ್ಡಬಳ್ಳಾಪುರದಲ್ಲಿ ನಮ್ಮ ಬೀದಿ ತುಂಬಾ ಪವರ್‌ಲೂಮ್ ಮಗ್ಗಗಳು. ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಬೆಳಗ್ಗೆಯಿಂದ ರಾತ್ರಿವರೆಗೂ ಅದೇ ಟಕಟಕ ಸದ್ದು. ನಾನು 24ನೇ ವಯಸ್ಸಲ್ಲಿ ಪಿಟೀಲು ತಗೊಂಡೆ. ಆರು ತಿಂಗಳು ಫೋನಲ್ಲಿ ವಿಡಿಯೋ ನೋಡ್ಕೊಂಡೇ ಕಲಿತೆ. ಚೆನ್ನಾಗೇ ನುಡಿಸ್ತಿದ್ದೀನಿ ಅಂದ್ಕೊಂಡಿದ್ದೆ. ಒಂದು ಸಂಜೆ ಕರೆಂಟ್ ಹೋಯ್ತು. ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ನಾನು ನುಡಿಸ್ತಾನೇ ಇದ್ದೆ. ಒಳಗಿಂದ ಅಮ್ಮ ಕೂಗಿದ್ರು, "ಏನೋ ಅದು ಸದ್ದು, ಬಾಗಿಲಿಗೆ ಎಣ್ಣೆ ಬಿಡ್ಬೇಕೇನೋ?"

ಅವತ್ತು ಮೊದಲ ಸಲ ನನ್ನ ಪಿಟೀಲಿನ ನಿಜವಾದ ದನಿ ನನಗೇ ಕೇಳಿಸ್ತು. ಮಗ್ಗದ ಸದ್ದಲ್ಲಿ ನನ್ನ ಸ್ವರ ಕೇಳಿಸ್ಬೇಕು ಅಂತ, ಗೊತ್ತಿಲ್ಲದೇ ಕಮಾನನ್ನ ತಂತಿ ಮೇಲೆ ಒತ್ತಿ ಒತ್ತಿ ಎಳೀತಿದ್ದೆ. ಆಮೇಲೆ ಬೆಂಗಳೂರಲ್ಲಿ ಒಬ್ಬ ಮೇಷ್ಟ್ರ ಹತ್ತಿರ ಸೇರಿದೆ. ಅವರು ನೋಡಿ ಬೈಯಲಿಲ್ಲ. "ನಿನ್ನ ಕೈದು ತಪ್ಪಿಲ್ಲ ಕಣಪ್ಪ. ಅದಕ್ಕೊಂದು ಕಷ್ಟ ಬಂತು, ತೋಚಿದ ದಾರಿ ಹಿಡೀತು" ಅಂದ್ರು.

ಇವತ್ತು ನಾನು ಹೇಳ್ಬೇಕಾಗಿರೋದು ಇದೊಂದೇ. ಕೆಟ್ಟ ಅಭ್ಯಾಸ ಬರೋದು ಸೋಮಾರಿತನದಿಂದ ಅಲ್ಲ. ಯಾವುದೋ ತೊಂದರೆಗೆ ದೇಹ ತಾನೇ ಕಂಡುಕೊಂಡ ಅಡ್ಡದಾರಿ ಅದು. ತೊಂದರೆಯನ್ನ ಹಾಗೇ ಬಿಟ್ಟು ಕೈಯನ್ನ ಬೈದರೆ ಏನೂ ಬದಲಾಗಲ್ಲ.

ಸದ್ದು ಸಾಲದು ಅನ್ನೋ ಕಷ್ಟ ದೊಡ್ಡವರಿಗೂ ಬಂದಿತ್ತು. ಮೈಸೂರಿನ ಟಿ. ಚೌಡಯ್ಯ ಗೊತ್ತಲ್ವಾ? 1895ರಲ್ಲಿ ತಿರುಮಕೂಡಲಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರ ಹತ್ತಿರ ಕಲಿತವರು. ಅದು ಮೈಕ್ ಇಲ್ಲದ ಕಾಲ, ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸ್ತಿರಲಿಲ್ಲ. ಅವರು ಬರೀ ಕಮಾನು ಒತ್ತಿ ಸುಮ್ಮನಾಗಲಿಲ್ಲ, ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಬೆಂಗಳೂರಲ್ಲಿ ಮಲ್ಲೇಶ್ವರದ ಹತ್ತಿರ ಪಿಟೀಲಿನ ಆಕಾರದಲ್ಲೇ ಇರೋ ಚೌಡಯ್ಯ ಸ್ಮಾರಕ ಭವನ ಅವರ ಹೆಸರಿನದ್ದೇ. ನಾವ್ಯಾರೂ ಏಳು ತಂತಿ ಹಾಕ್ಬೇಕಾಗಿಲ್ಲ. ಆದ್ರೆ ತೊಂದರೆ ಎಲ್ಲಿದೆ ಅಂತ ಹುಡುಕೋದನ್ನ ಅವರಿಂದ ಕಲೀಬಹುದು.

ಈಗ ಒಂದೊಂದಾಗಿ ನೋಡೋಣ.

ಒಂದು, ಕಮಾನು ಒತ್ತೋದು. ಕಮಾನಿನ ಕೂದಲು ತಂತಿಯನ್ನ ಹಿಡಿದು ಎಳೆದು ಬಿಡುತ್ತೆ. ಒಂದು ಸೆಕೆಂಡಿಗೆ ನೂರಾರು ಸಲ ಹಿಡಿದು ಬಿಡೋದ್ರಿಂದಲೇ ಸ್ವರ ಬರೋದು. ಜಾಸ್ತಿ ಒತ್ತಿದ್ರೆ ತಂತಿ ಸರಿಯಾದ ಹೊತ್ತಿಗೆ ಬಿಡಿಸಿಕೊಳ್ಳಲ್ಲ, ಕಿರ್ರ್ ಅನ್ನುತ್ತೆ. ದನಿ ದೊಡ್ಡದಾಗ್ಬೇಕಾದ್ರೆ ಕಮಾನಿನ ವೇಗ, ತೋಳಿನ ಭಾರ, ಬ್ರಿಡ್ಜ್‌ನಿಂದ ಎಷ್ಟು ದೂರದಲ್ಲಿ ಎಳೀತೀವಿ ಅನ್ನೋದು, ಮೂರೂ ಹೊಂದ್ಬೇಕು. ನಾನು ಮಾಡಿದ್ದು ಇಷ್ಟೇ: ಮಗ್ಗ ನಿಂತ ಮೇಲೆ ರಾತ್ರಿ ಹತ್ತು ನಿಮಿಷ, ಎಡಗೈ ಮುಟ್ಟಿಸದೆ, ಬರೀ ಷಡ್ಜದ ತಂತಿ ಮೇಲೆ ತುದಿಯಿಂದ ಬುಡದವರೆಗೂ ಉದ್ದ ಕಮಾನು. ಸದ್ದು ಕಡಿಮೆ ಇರೋ ಹೊತ್ತು ಹುಡುಕ್ಕೊಳ್ಳಿ, ಅರ್ಧ ಕೆಲಸ ಆದ ಹಾಗೆ.

ಎರಡು, ಎಡಗೈಯಲ್ಲಿ ಪಿಟೀಲನ್ನ ಬಿಗಿಯಾಗಿ ಹಿಡಿಯೋದು. ಇಲ್ಲಿ ಫೋನ್ ನಮ್ಮನ್ನ ದಾರಿ ತಪ್ಪಿಸುತ್ತೆ. ವಯೊಲಿನ್ ಅಂತ ಹುಡುಕಿದ್ರೆ ಸಿಗೋದರಲ್ಲಿ ಹೆಚ್ಚಿನವು ಪಾಶ್ಚಾತ್ಯ ಪಾಠಗಳು. ಅವರು ನಿಂತು, ಗಲ್ಲದ ಕೆಳಗೆ ವಾದ್ಯ ಇಟ್ಟು ನುಡಿಸ್ತಾರೆ. ನಮ್ಮ ಕರ್ನಾಟಕ ಪದ್ಧತೀಲಿ ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಪಿಟೀಲಿನ ತಲೆಯನ್ನ ಬಲಪಾದದ ಮೇಲೆ ಊರಿ, ಇನ್ನೊಂದು ತುದಿಯನ್ನ ಎಡಭುಜ, ಎದೆಗೆ ಆನಿಸ್ತೀವಿ. ಯಾಕೆ? ಎಡಗೈ ಬಿಡುವಾಗಿರಲಿ ಅಂತ. ಗಮಕಕ್ಕೆ ಬೆರಳು ತಂತಿ ಮೇಲೆ ಜಾರ್ಬೇಕು. ಹೆಬ್ಬೆರಳು ಬಿಗಿಯಾಗಿ ಹಿಡಿದಿದ್ರೆ ಜಾರೋದು ಹೇಗೆ? ಹೀಗೆ ಪರೀಕ್ಷೆ ಮಾಡಿ. ಕೂತು, ಬಲಗೈಯನ್ನ ಹತ್ತಿರ ಇಟ್ಕೊಂಡು, ಎಡಗೈಯನ್ನ ನಿಧಾನಕ್ಕೆ ತೆಗೀರಿ. ಪಿಟೀಲು ಜಾರಿದ್ರೆ ಸರಿ ಮಾಡ್ಬೇಕಾಗಿರೋದು ಕೂರೋ ರೀತಿಯನ್ನ, ಪಾದ ಇಡೋ ಜಾಗವನ್ನ. ಕೈ ಆಮೇಲೆ ತಾನಾಗೇ ಸಡಿಲ ಆಗುತ್ತೆ.

ಮೂರು, ಶ್ರುತಿ ಮಾಡೋಕೆ ಟ್ಯೂನರ್ ಆ್ಯಪ್ ಒಂದನ್ನೇ ನಂಬೋದು. ಅದು ತೋರಿಸೋ ಜಿ, ಡಿ, ಎ, ಇ ಪಾಶ್ಚಾತ್ಯ ಶ್ರುತಿ. ನಮ್ಮ ನಾಲ್ಕು ತಂತಿ ಸ, ಪ, ಸ, ಪ. ಆ ಶ್ರುತೀಲಿ ಇಟ್ಕೊಂಡು ಸರಳೆ ವರಸೆ ಪಾಠ ಹಿಂಬಾಲಿಸಿದ್ರೆ ಸ್ವರ ಕೂಡಲ್ಲ, ತಪ್ಪು ಬೆರಳಿಂದೇ ಅಂದ್ಕೊಂಡು ಬೆರಳನ್ನ ತಪ್ಪು ಜಾಗಕ್ಕೆ ಸರಿಸ್ತೀವಿ. ತಂಬೂರಿ ಆ್ಯಪ್ ಹಾಕ್ಕೊಂಡು, ಅದರ ಷಡ್ಜ ಪಂಚಮಕ್ಕೆ ಕೇಳಿ ಕೇಳಿ ಸೇರಿಸಿ.

ನಾಲ್ಕು, ಕಣ್ಣಲ್ಲಿ ಸ್ವರ ಹುಡುಕೋದು. ವೀಣೆಗೆ ಮೆಟ್ಟಿಲುಗಳಿವೆ, ಪಿಟೀಲಿಗಿಲ್ಲ. ಅದಕ್ಕೇ ಸ್ಟಿಕ್ಕರ್ ಅಂಟಿಸ್ತೀವಿ. ಶುರುವಲ್ಲಿ ಪರವಾಗಿಲ್ಲ, ಆದ್ರೆ ವರ್ಷವಾದ್ರೂ ಅದನ್ನೇ ನೋಡ್ತಿದ್ರೆ ಕಿವಿ ಕೆಲಸ ಕಲಿಯಲ್ಲ, ಕತ್ತೂ ಬಗ್ಗಿರುತ್ತೆ. ಮದ್ದು ಸುಲಭ: ಮಾಯಾಮಾಳವಗೌಳದ ವರಸೆಯನ್ನ ಮೊದಲು ಬಾಯಲ್ಲಿ ಹಾಡಿ, ಆಮೇಲೆ ಕಣ್ಣು ಮುಚ್ಚಿ ನುಡಿಸಿ.

ಐದು, ಅವಸರ. ಎರಡೇ ವಾರಕ್ಕೆ ಸಿನಿಮಾ ಹಾಡು, ಅದರ ರೀಲ್ಸ್. ತಪ್ಪಿದ ತಕ್ಷಣ ಮತ್ತೆ ಮೊದಲಿಂದ ಶುರು. ಹೀಗಾದ್ರೆ ಚೆನ್ನಾಗಿ ಬರೋ ಆರಂಭವೇ ಪಳಗುತ್ತೆ, ತಪ್ಪೋ ಜಾಗ ಹಾಗೇ ಉಳಿಯುತ್ತೆ. ತಪ್ಪಿದ ನಾಲ್ಕು ಸ್ವರ ಮಾತ್ರ ತಗೊಳ್ಳಿ, ಒಂದನೇ ಕಾಲದಲ್ಲಿ ಐದು ಸಲ ಸರಿಯಾಗಿ ಬಂದ ಮೇಲೆ ಮುಂದೆ ಹೋಗಿ.

ಕನ್ನಡದಲ್ಲಿ ಒಂದು ಮಜಾ ಇದೆ, ನೋಡಿ. ಸಾಧನೆ ಮಾಡೋದಕ್ಕೂ ಅಭ್ಯಾಸ ಅಂತೀವಿ, ಚಟಕ್ಕೂ ಅಭ್ಯಾಸ ಅಂತೀವಿ. ಕೈಗೂ ಆ ವ್ಯತ್ಯಾಸ ಗೊತ್ತಿಲ್ಲ. ಸರಿಯೋ ತಪ್ಪೋ, ಎಷ್ಟು ಸಲ ಮಾಡ್ತೀವೋ ಅದನ್ನೇ ಹಿಡ್ಕೊಳ್ಳುತ್ತೆ. ಬಿ.ಕಾಂ ಓದಿದವನ ಭಾಷೇಲಿ ಹೇಳೋದಾದ್ರೆ, ಇದು ಚಕ್ರಬಡ್ಡಿ ಸಾಲ. ಆರು ತಿಂಗಳಲ್ಲಿ ನಾನು ಕಲಿತಿದ್ದನ್ನ ಬಿಡೋಕೆ ಹತ್ತಿರ ಹತ್ತಿರ ಒಂದು ವರ್ಷ ಹಿಡೀತು. ಮಧ್ಯದಲ್ಲಿ ಪಿಟೀಲು ಮಾರಿಬಿಡೋಣ ಅಂತಲೂ ಅನ್ನಿಸಿತ್ತು.

ಅದಕ್ಕೇ ವಾರಕ್ಕೊಮ್ಮೆ ಫೋನನ್ನ ಪಕ್ಕದಲ್ಲಿಟ್ಟು ಎರಡು ನಿಮಿಷ ವಿಡಿಯೋ ಮಾಡ್ಕೊಳ್ಳಿ. ಹಾಕೋಕಲ್ಲ, ನೋಡೋಕೆ. ಕಮಾನು ಬ್ರಿಡ್ಜ್‌ಗೆ ಸಮಾನಾಂತರವಾಗಿದೆಯಾ, ಭುಜ ಮೇಲಕ್ಕೆದ್ದಿದೆಯಾ, ಹೆಬ್ಬೆರಳು ಬಿಗಿಯಾಗಿದೆಯಾ ನೋಡಿ. ಹೊಸಕೋಟೆ, ನೆಲಮಂಗಲ, ದೇವನಹಳ್ಳಿ ಕಡೆಯಿಂದ ಪಾಠಕ್ಕೆ ಪ್ರತಿ ವಾರ ಸಿಟಿಗೆ ಹೋಗೋದು ಕಷ್ಟ ಅಂದ್ರೆ, ತಿಂಗಳಿಗೊಮ್ಮೆಯಾದ್ರೂ ಒಬ್ಬ ಗುರುಗಳ ಮುಂದೆ ಕೂತು ನುಡಿಸಿ. ಇನ್ನೊಂದು ಮಾತು, ನೋವು ಬಂದ್ರೆ, ಬೆರಳು ಜೋಮು ಹಿಡಿದ್ರೆ ಅವತ್ತಿಗೆ ನಿಲ್ಲಿಸಿ. ಕಡಿಮೆ ಆಗ್ಲಿಲ್ಲ ಅಂದ್ರೆ ಡಾಕ್ಟರನ್ನ ನೋಡಿ.

ನಮ್ಮ ಬೀದೀಲಿ ಈಗಲೂ ಮಗ್ಗ ಓಡ್ತಾನೇ ಇದೆ. ಮೊನ್ನೆ ಮತ್ತೆ ಕರೆಂಟ್ ಹೋದಾಗ ನಾನು ನುಡಿಸ್ತಿದ್ದೆ. ಈ ಸಲ ಅಮ್ಮ ಏನೂ ಕೂಗಲಿಲ್ಲ. ಸದ್ಯಕ್ಕೆ ನನಗೆ ಅಷ್ಟು ಸಾಕು. ಮುಂದಿನ ಸಂಚಿಕೇಲಿ ಸಿಗೋಣ.