ಗಾಲಿಯ ಮೇಲಿನ ಸಂಸಾರ

ಆಸ್ಟ್ರೇಲಿಯಾ ಖಂಡವನ್ನು ಬಳಸಿಕೊಂಡು, ಬಹುಮಟ್ಟಿಗೆ ಸಮುದ್ರದ ಅಂಚನ್ನೇ ಹಿಡಿದು ಸಾಗುವ ಒಂದು ಹೆದ್ದಾರಿಯುಂಟು. ಅದರ ಉದ್ದ ಸುಮಾರು 14,500 ಕಿಲೋಮೀಟರು. ಆ ದೇಶದ ಗೃಹಸ್ಥರಲ್ಲಿ ಅನೇಕರು, ಉದ್ಯೋಗದಿಂದ ನಿವೃತ್ತರಾಗಿ ಮಕ್ಕಳು ತಮ್ಮ ತಮ್ಮ ದಾರಿ ಹಿಡಿದ ಬಳಿಕ, ಪುಟ್ಟದೊಂದು ಗಾಲಿಮನೆಯನ್ನು ಮೋಟಾರಿನ ಹಿಂದೆ ಕಟ್ಟಿಕೊಂಡು, ಗಂಡಹೆಂಡಿರಿಬ್ಬರೇ ಈ ಹಾದಿಯಲ್ಲಿ ಹೊರಡುತ್ತಾರೆ. ಆ ಗಾಲಿಮನೆಗೆ ಕ್ಯಾರವಾನ್ ಎಂದು ಹೆಸರು. ಅದರೊಳಗೆ ಮಂಚ, ಒಲೆ, ನೀರಿನ ತೊಟ್ಟಿ, ಪಾತ್ರೆಪಡಗ ಎಲ್ಲವೂ ಇರುತ್ತವೆ. ಒಂದು ಕಡೆ ಮೊದಲನೆಯ ಮಹಾಯುದ್ಧದಿಂದ ಮರಳಿದ ಯೋಧರು 1919ರಿಂದ 1932ರ ವರೆಗೆ ಕಡಲ ಬಂಡೆಗಳನ್ನು ಕಡಿದು ಮಾಡಿದ ರಸ್ತೆ. ಇನ್ನೊಂದು ಕಡೆ ನಲ್ಲಾರ್ಬರ್ ಎಂಬ ಮರಗಳಿಲ್ಲದ ಬಯಲಿನ ಅಂಚಿನಲ್ಲಿ 146 ಕಿಲೋಮೀಟರುಗಳ ವರೆಗೆ ಒಂದು ತಿರುವೂ ಇಲ್ಲದ ರಸ್ತೆ. ಈ ದಂಪತಿಗಳಿಗೆ ಅಲ್ಲಿಯ ಜನರು ಪ್ರೀತಿಯ ಹಾಸ್ಯದಿಂದ ‘ನರೆತ ಅಲೆಮಾರಿಗಳು’ ಎಂಬರ್ಥದ ಹೆಸರನ್ನು ಇಟ್ಟಿದ್ದಾರೆ.

ಇಂಥ ಸಂಗತಿಗಳನ್ನು ಓದಿದಾಗ ನಮ್ಮ ಗೃಹಸ್ಥರು, ‘ಅದೆಲ್ಲ ಹಣವಂತರ ದೇಶದ ಮಾತು’ ಎಂದು ನಿಟ್ಟುಸಿರು ಬಿಡುವುದನ್ನು ನಾವು ಕಂಡಿದ್ದೇವೆ. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಹಿರಿಯರಿಗೆ ಗಾಲಿಯ ಮೇಲೆ ಸಂಸಾರ ಹೂಡುವುದು ಹೊಸದೇನೂ ಅಲ್ಲ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಒಕ್ಕಲಿಗನು, ಹದಿನೈದು ದಿನಗಳ ಬಳಿಕ ಬರುವ ಬನದ ಹುಣ್ಣಿವೆಗೆಂದು ಕೊಲ್ಲಾರಿ ಬಂಡಿಯನ್ನು ಸಿದ್ಧಪಡಿಸುತ್ತಿದ್ದನು. ಬಿದಿರಿನ ದಬ್ಬೆಗಳ ಕಮಾನು, ಅದರ ಮೇಲೆ ಹೊದಿಕೆ, ಒಳಗೆ ಹುಲ್ಲಿನ ಮೆತ್ತೆ, ಅದರ ಮೇಲೊಂದು ಕೌದಿ, ಹಿಂದೆ ಎತ್ತುಗಳಿಗೆ ಕಣಿಕೆ, ಬಂಡಿಯ ಕೆಳಗೆ ತೂಗಾಡುವ ಕಂದೀಲು. ಇಷ್ಟೇ ಆ ಮನೆ. ಎರೆಯ ಭೂಮಿ ಒಣಗಿ ಗಟ್ಟಿಯಾಗಿರುತ್ತಿದ್ದುದರಿಂದ ಗಾಲಿ ಹುಗಿಯುವ ಭಯವಿಲ್ಲ. ಜೋಳದ ಕೊಯ್ಲು ಇನ್ನೂ ಬಂದಿಲ್ಲವಾದುದರಿಂದ ಕೈಗೆ ಬಿಡುವು. ದಿನಕ್ಕೆ ನಾಲ್ಕು ಐದು ಹರದಾರಿ ನಡೆದರೆ ಎತ್ತುಗಳಿಗೂ ದಣಿವಿಲ್ಲ, ಮನುಷ್ಯರಿಗೂ ಅವಸರವಿಲ್ಲ. ಬನಶಂಕರಿಯ ಸುತ್ತಲಿನ ಬಯಲಿನಲ್ಲಿ ಬಂಡಿ ಬಿಟ್ಟು, ಅದರ ನೆರಳಿನಲ್ಲಿಯೇ ಇಳಿದುಕೊಂಡು ಜಾತ್ರೆ ಮಾಡುವುದು ರೂಢಿಯಾಗಿದ್ದಿತು. ಈಗ ಎತ್ತಿನ ಸ್ಥಾನವನ್ನು ಬಹುಮಟ್ಟಿಗೆ ಟ್ರ್ಯಾಕ್ಟರು, ಟೆಂಪೋಗಳು ಹಿಡಿದಿವೆ. ಆದರೂ ಶೃಂಗಾರವಾದ ಬಂಡಿಗಳು ತೀರ ಇಲ್ಲವಾಗಿಲ್ಲ.

ಆದರೆ ಇಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಮನೆಯನ್ನೇ ಗಾಲಿಯ ಮೇಲೆ ಏರಿಸಿದರೆ, ಮನೆಗೆಲಸವೂ ಅದರ ಜೊತೆಗೆ ಏರಿ ಬರುವುದಿಲ್ಲವೇ? ಯಜಮಾನರು ಗುಡಿ ನೋಡಿ, ಹೊಳೆಯಲ್ಲಿ ಮಿಂದು, ‘ಊಟಕ್ಕೇನು ಮಾಡಿದ್ದೀ?’ ಎನ್ನುತ್ತ ಬಂದು ಕುಳಿತರೆ, ಮನೆಯವಳ ಪಾಲಿಗೆ ಬದಲಾದುದು ಒಲೆಯ ಸ್ಥಳ ಮಾತ್ರ. ‘ಅಲ್ಲಿಯೂ ಹೊಗೆ, ಇಲ್ಲಿಯೂ ಹೊಗೆ, ನಾ ಏನು ನೋಡಿದಂಗಾತ್ರೀ?’ ಎಂದು ಯಾತ್ರೆಯಿಂದ ಮರಳಿದ ಗೃಹಿಣಿಯರು ಹೇಳುವ ಮಾತನ್ನು ಕೇಳದವರು ಯಾರು? ವಿಲಾಸಕ್ಕಾಗಿ ಗಾಲಿಮನೆಯಲ್ಲಿ ಸಂಚರಿಸುವ ಪದ್ಧತಿಗೆ ನಾಂದಿ ಹಾಡಿದವರಲ್ಲಿ ಒಬ್ಬನೆಂದು ಹೆಸರಾದ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯನು, 1885ರಲ್ಲಿ ಇಂಗ್ಲೆಂಡಿನಲ್ಲಿ ಎರಡು ಕುದುರೆಗಳ ಭವ್ಯವಾದ ಬಂಡಿಯನ್ನು ಮಾಡಿಸಿಕೊಂಡನು. ಅವನ ಸಂಗಡ ಸಾರಥಿಯೊಬ್ಬ, ಸೇವಕನೊಬ್ಬ ಇದ್ದರು. ಸೇವಕನಿದ್ದವನಿಗೆ ಗಾಲಿಮನೆ ಸುಖವೇ ಸರಿ. ಸೇವಕರಿಲ್ಲದ ಮನೆಯಲ್ಲಿ ಆ ಸೇವೆ ಯಾರ ಹೆಗಲಿಗೆ ಬೀಳುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಹಿರಿಯರು ಈ ತೊಡಕನ್ನು ಬುತ್ತಿಯಿಂದ ಬಿಡಿಸಿದ್ದರು. ತೆಳ್ಳಗೆ ಬಡಿದು ಒಣಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳಿನ ಪುಡಿ, ಮಾದಲಿ, ಶೇಂಗಾ ಹೋಳಿಗೆ; ಇವೆಲ್ಲ ದಾರಿಯ ಅಡಿಗೆಗಳು, ಎಂದರೆ ದಾರಿಯಲ್ಲಿ ಮಾಡಬೇಕಾಗಿಲ್ಲದ ಅಡಿಗೆಗಳು. ಈ ಬುತ್ತಿಯನ್ನು ಕಟ್ಟುವುದೂ ಶ್ರಮದ ಕೆಲಸವೇ. ಆದರೆ ಅದು ಓಣಿಯ ನಾಲ್ಕಾರು ಹೆಂಗಸರು ಕೂಡಿ, ಮಾತಾಡುತ್ತ, ಹೊರಡುವುದಕ್ಕೆ ಮೊದಲೇ ಮುಗಿಸುವ ಕೆಲಸ. ಬಂಡಿ ಊರ ಅಗಸೆಯನ್ನು ದಾಟಿತೆಂದರೆ ಒಲೆಯ ಋಣ ಹರಿಯಿತು. ನೀರು ಸೇದುವುದು, ಎತ್ತುಗಳ ಮೈತಿಕ್ಕುವುದು, ಕಂದೀಲಿಗೆ ಎಣ್ಣೆ ಹಾಕುವುದು ಗಂಡಸಿನ ಕೆಲಸ. ಹೆಣ್ಣಿಗೆ ನಾಲ್ಕು ದಿನ ಕಣ್ಣಿನ ಹಬ್ಬ. ಈ ಏರ್ಪಾಡು ಎಲ್ಲ ಮನೆಗಳಲ್ಲಿಯೂ ನಡೆಯುತ್ತಿತ್ತೆಂದು ನಾವು ಹೇಳಲಾರೆವು; ನಡೆದ ಮನೆಗಳಲ್ಲಿ ಯಾತ್ರೆ ಇಬ್ಬರದೂ ಆಗುತ್ತಿತ್ತೆಂದು ಮಾತ್ರ ಹೇಳಬಲ್ಲೆವು. ಹೀಗೆ ಹಗುರಾಗಿ ಹೊರಡುವ ದಂಪತಿಗಳಿಗೆ, ಬಂಡಿಯಾಗಲಿ ಬಾಡಿಗೆಯ ವಾಹನವಾಗಲಿ, ಐದಾರು ದಿನಗಳ ಒಂದು ದಾರಿಯನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಸಮುದ್ರತೀರದ ಬದಲು ಇಲ್ಲಿ ಮಲಪ್ರಭೆಯ ತೀರ.

ರೈಲಿನಿಂದ ಬರುವವರಿಗೆ ಬಾಗಲಕೋಟೆಯೇ ಹೆಬ್ಬಾಗಿಲು. 1997ರಲ್ಲಿ ಜಿಲ್ಲೆಯ ಮುಖ್ಯಸ್ಥಳವಾದ ಈ ಊರು ತಾನೇ ಮನೆಮಾರುಗಳನ್ನು ಹೊತ್ತು ಹೊರಟ ಊರು. 1964ರಲ್ಲಿ ಅಡಿಗಲ್ಲು ಹಾಕಿದ ಆಲಮಟ್ಟಿಯ ಅಣೆಕಟ್ಟು ತುಂಬಿದಾಗ, ಹಿನ್ನೀರು ಘಟಪ್ರಭೆಯಲ್ಲಿ ಏರಿ ಹಳೆಯ ಊರಿನ ಓಣಿಗಳನ್ನು ನುಂಗಿತು. ಜನರು ನವನಗರಕ್ಕೆ ತೆರಳಿದರು. ಮನಸ್ಸಿನಿಂದ ಮನೆ ಬಿಟ್ಟು ಹೋಗಿ ತಿರುಗಿ ಬರುವುದು ಬೇರೆ, ತಿರುಗಿ ಬರಲು ಮನೆಯೇ ಇಲ್ಲದಂತೆ ಬಿಟ್ಟು ಹೋಗುವುದು ಬೇರೆ. ಯಾತ್ರೆಗೆ ಹೊರಟವರು ಇಲ್ಲಿ ಒಂದು ಗಳಿಗೆ ನಿಂತು, ತಮ್ಮ ಮನೆಯ ಕೀಲಿಕೈ ತಮ್ಮ ಸೆರಗಿನಲ್ಲಿರುವುದು ಎಂಥ ಭಾಗ್ಯವೆಂದು ನೆನೆಯುವುದು ಒಳಿತು.

ಅಲ್ಲಿಂದ ಬಾದಾಮಿಗೆ ಸಾಗಿ, ಊರಿನಿಂದ ಒಂದು ಹರದಾರಿಯಷ್ಟು ದೂರದ ಬನಶಂಕರಿಯಲ್ಲಿ ಮೊದಲ ಬಿಡಾರ. ಶಾಕಂಭರಿಯೆಂದು ಹೆಸರಾದ ಈ ದೇವಿಗೆ ಪಲ್ಯದ ಹಬ್ಬದ ದಿನ 108 ಬಗೆಯ ಕಾಯಿಪಲ್ಯಗಳ ನೈವೇದ್ಯವಾಗುತ್ತದೆ. ಪುಷ್ಯ ಶುದ್ಧ ಹುಣ್ಣಿವೆಗೆ ತೇರು. ಮುಂದೆ ತಿಂಗಳೊಪ್ಪತ್ತು ಜಾತ್ರೆ. ರಾತ್ರಿಯಿಡೀ ನಾಟಕ ಕಂಪನಿಗಳ ಆಟ. ಗುಡಿಯ ಮುಂದಿನ ಹರಿದ್ರಾತೀರ್ಥದ ಆಸುಪಾಸಿನಲ್ಲಿ ಹಳ್ಳಿಯ ತಾಯಂದಿರು ಬುಟ್ಟಿಗಳಲ್ಲಿ ರೊಟ್ಟಿ, ಕೆಂಪು ಚಟ್ನಿ, ಕಾಳಿನ ಪಲ್ಯ, ಗಟ್ಟಿ ಮೊಸರು ತಂದು, ‘ಬರ್ರೀ ಯಪ್ಪಾ, ಉಣ್ರೀ ಯವ್ವಾ’ ಎಂದು ಕರೆದು ಬಡಿಸುವುದು ಇಂದಿಗೂ ನಡೆದಿದೆ. ಬುತ್ತಿ ತಾರದ ಗೃಹಿಣಿಗೂ ಇಲ್ಲಿ ಒಲೆ ಹೂಡುವ ಕಾರಣವಿಲ್ಲ. ಬಡಿಸುವವಳ ಕೈಗೆ ಬೆಲೆ ಕೊಡುವಾಗ ಚೌಕಾಶಿ ಮಾಡಬಾರದೆಂಬುದು ಮಾತ್ರ ನಮ್ಮ ವಿನಂತಿ. ಅವಳು ಬೆಳಗಿನ ಜಾವ ಎದ್ದು ರೊಟ್ಟಿ ಬಡಿದವಳು.

ಬಾದಾಮಿಯಲ್ಲಿ ಒಂದನೆಯ ಪುಲಕೇಶಿಯು ಕ್ರಿ. ಶ. 543ರಲ್ಲಿ ಕೋಟೆಯನ್ನು ಕಟ್ಟಿಸಿದನು. ಅಗಸ್ತ್ಯತೀರ್ಥದ ಮೇಲಿನ ಕೆಂಪು ಬಂಡೆಯಲ್ಲಿ ಕೊರೆದ ಗುಹೆಗಳಲ್ಲಿ ಮೂರನೆಯದರಲ್ಲಿ ಮಂಗಲೇಶನ 578ರ ಶಾಸನವಿದೆ. ಆ ಗುಹೆಯಲ್ಲಿ ಎಲ್ಲರೂ ವಿಷ್ಣುವಿನ ದೊಡ್ಡ ಮೂರ್ತಿಗಳನ್ನು ನೋಡಿ ಮರಳುತ್ತಾರೆ. ನಾವು ಗೃಹಸ್ಥರಿಗೆ ಹೇಳುವುದೇನೆಂದರೆ, ಕತ್ತನ್ನು ಮೇಲೆತ್ತಿ ಕಂಬಗಳ ಬೋದಿಗೆಗಳನ್ನು ನೋಡಿರಿ. ಅಲ್ಲಿ ಮರದ ನೆರಳಿನಲ್ಲಿ ಒಬ್ಬರನ್ನೊಬ್ಬರು ಆತು ನಿಂತ ದಂಪತಿಗಳಿದ್ದಾರೆ. ಅವರ ಕೈಯಲ್ಲಿ ಸಂಸಾರದ ಯಾವ ಹೊರೆಯೂ ಇಲ್ಲ.

ಮಹಾಕೂಟದ ಊಟೆಯ ನೀರಿನಲ್ಲಿ ಮಿಂದು ಮುಂದೆ ಸಾಗಿದರೆ ಪಟ್ಟದಕಲ್ಲು. ಇದು ಬಾದಾಮಿಯಿಂದ ಸುಮಾರು 22 ಕಿಲೋಮೀಟರು, ಎಂದರೆ ಎತ್ತಿನ ಒಂದು ದಿನದ ದಾರಿ. ಇಲ್ಲಿ ಮಲಪ್ರಭೆಯು ಉತ್ತರವಾಹಿನಿ. 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಇಲ್ಲಿಯ ಗುಡಿಗಳಲ್ಲಿ ವಿರೂಪಾಕ್ಷನದು ಹಿರಿದು. ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿಯು ಇದನ್ನು ಕಟ್ಟಿಸಿದಳು. ಪಕ್ಕದ ಮಲ್ಲಿಕಾರ್ಜುನನ ಗುಡಿ ಅವಳ ತಂಗಿಯೂ ಸವತಿಯೂ ಆದ ತ್ರೈಲೋಕ್ಯಮಹಾದೇವಿಯದು. ದಂಡಯಾತ್ರೆ ಗಂಡನದು, ಆದರೆ ಇಂದು ಜನರು ನೋಡಬರುವುದು ಹೆಂಡಿರು ಕಟ್ಟಿಸಿದ ಕಲ್ಲನ್ನು.

ಹೊಳೆಯ ಜಾಡನ್ನು ಹಿಡಿದು ಕೆಳಗೆ ಹೋದರೆ ಐಹೊಳೆ. ಮೇಗುತಿ ಗುಡಿಯಲ್ಲಿ ರವಿಕೀರ್ತಿಯ 634ರ ಶಾಸನವನ್ನು ನೋಡುವವರು ಬಹಳ. ಈ ಊರು ವ್ಯಾಪಾರಿಗಳ ಊರೂ ಆಗಿತ್ತೆಂದು ನೆನೆಯುವವರು ಕಡಿಮೆ. ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕಸಂಘದ ಹೆಸರು ಈ ಊರಿನದೇ. ಅವರ ಸರಕು ಎತ್ತು ಕತ್ತೆಗಳ ಮೇಲೆ ದಕ್ಷಿಣ ದೇಶವನ್ನೆಲ್ಲ ಸುತ್ತಿತು. ಆ ಸಂಘದ ಹೆಸರನ್ನು ಹೊತ್ತ 1088ರ ತಮಿಳು ಶಾಸನವೊಂದು ದೂರದ ಸುಮಾತ್ರಾ ದ್ವೀಪದಲ್ಲಿ ದೊರೆತಿದೆ. ಹೀಗೆ ಗುಂಪುಗೂಡಿ ಸಾಗುವ ವರ್ತಕರ ತಂಡಕ್ಕೆ ಸಂಸ್ಕೃತದಲ್ಲಿ ಸಾರ್ಥವೆಂದೂ ಪಾರಸಿಯಲ್ಲಿ ಕಾರವಾನ್ ಎಂದೂ ಹೆಸರು. ಆಸ್ಟ್ರೇಲಿಯದ ಗಾಲಿಮನೆಯು ಹೊತ್ತುಕೊಂಡಿರುವುದು ಆ ಪಾರಸಿಯ ಹೆಸರನ್ನೇ. ಐಹೊಳೆಯಲ್ಲಿ ಮತ್ತೊಂದು ವಿನೋದವುಂಟು: ಗುಡಿಗಳಲ್ಲಿ ಜನರು ಸಂಸಾರ ಹೂಡಿದ್ದರಾಗಿ, ಅಲ್ಲಿದ್ದವನೊಬ್ಬನ ಹೆಸರಿನಿಂದ ಒಂದು ಗುಡಿ ಇಂದಿಗೂ ಲಾಡಖಾನನ ಗುಡಿಯೆನಿಸಿದೆ.

ಅಮೀನಗಡದಲ್ಲಿ ಕರದಂಟು ಕೊಂಡು, ಹುನಗುಂದವನ್ನು ಹಾದು ಇಳಕಲ್ಲಿಗೆ ಹೋಗಬೇಕು. ಸೀರೆಯ ಒಡಲಿನ ಹಾಸನ್ನೂ ರೇಷ್ಮೆಯ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವುದು ಇಲ್ಲಿಯ ನೇಕಾರರ ವಿಶೇಷ. ಕೆಂಪು ರೇಷ್ಮೆಯಲ್ಲಿ ಬಿಳಿಯ ಗೋಪುರಗಳಂತೆ ಕಾಣುವ ಟೋಪ್ ತೆನಿ ಸೆರಗನ್ನೂ, ಅದಕ್ಕೆ ಒಪ್ಪುವ ಗುಳೇದಗುಡ್ಡದ ಖಣವನ್ನೂ ಅರಿಯದ ಹೆಣ್ಣು ಈ ಸೀಮೆಯಲ್ಲಿಲ್ಲ. ಮಗ್ಗದ ಮನೆಯಲ್ಲಿ ಗಂಡನು ಲಾಳಿ ಎಸೆಯುತ್ತಿದ್ದರೆ ಹೆಂಡತಿಯು ಕಂಡಿಕೆ ಸುತ್ತುತ್ತಿರುತ್ತಾಳೆ. ಎರಡು ಕೈಗಳ ಕೆಲಸ ಒಂದೇ ಬಟ್ಟೆಯಲ್ಲಿ ಸೇರುತ್ತದೆ. ಯಾತ್ರೆಯ ಹಣದಲ್ಲಿ ಒಂದಿಷ್ಟನ್ನು ಕೈಮಗ್ಗದ ಸೀರೆಗೆಂದು ತೆಗೆದಿರಿಸಿದರೆ ಅದು ದುಂದು ಆಗದು.

ಇಳಕಲ್ಲಿನಿಂದ ಹುನಗುಂದಕ್ಕೆ ಮರಳಿ, ಅಲ್ಲಿಂದ ಕೂಡಲ ಸಂಗಮಕ್ಕೆ ಹೋದರೆ ದಾರಿ ಮುಗಿಯುತ್ತದೆ. ಕಣಕುಂಬಿಯಿಂದ ಸುಮಾರು 300 ಕಿಲೋಮೀಟರು ಹರಿದು ಬಂದ ಮಲಪ್ರಭೆಯು ಇಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಬಸವಣ್ಣನವರ ಐಕ್ಯಮಂಟಪವನ್ನು ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಮುಟ್ಟದಂತೆ ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿದ್ದಾರೆ. ಇಳಿದು ನೋಡಿ ಬರುವವರು ಆಚೆಯ ದಡದ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕು. ಅಲ್ಲಿ ತಂಗಡಗಿಯಲ್ಲಿ ನೀಲಮ್ಮನವರ ಐಕ್ಯಸ್ಥಳವಿದೆ. ಕಲ್ಯಾಣವನ್ನು ಬಿಟ್ಟು ಸಂಗಮಕ್ಕೆ ಬಂದ ಬಸವಣ್ಣನವರು ಮಡದಿಯನ್ನು ಕರೆತರಲು ಹಡಪದ ಅಪ್ಪಣ್ಣನವರನ್ನು ಕಳುಹಿಸಿದರೆಂದೂ, ಅವರಿಬ್ಬರು ತಂಗಡಗಿಯನ್ನು ಮುಟ್ಟುವಷ್ಟರಲ್ಲಿ ಬಸವಣ್ಣನವರು ಐಕ್ಯರಾದ ವಾರ್ತೆ ಬಂದಿತೆಂದೂ, ನೀಲಮ್ಮನವರು ಆ ದಡದಲ್ಲಿಯೇ ಐಕ್ಯರಾದರೆಂದೂ ಪರಂಪರೆಯ ಮಾತು. ಶರಣರಿಗೆ ಈ ದಡ ಆ ದಡವೆಂಬ ಭೇದವಿಲ್ಲ. ನಮ್ಮಂಥ ಸಂಸಾರಿಗಳಿಗೆ ಉಂಟು.

‘ಮಗಳ ಲಗ್ನವಾಗಲಿ, ಸಾಲ ತೀರಲಿ, ಪೆನ್ಶನ್ ಬರಲಿ, ಆಮೇಲೆ ನೋಡೋಣ’ ಎಂದು ದೂಡುತ್ತ ಹೋದ ಎಷ್ಟೋ ಮನೆಗಳಲ್ಲಿ, ಆ ‘ಆಮೇಲೆ’ ಬಂದಾಗ ಇಬ್ಬರಲ್ಲಿ ಒಬ್ಬರ ಮೊಳಕಾಲು ನಡೆಯದಾಗಿರುತ್ತದೆ, ಇಲ್ಲವೆ ಒಬ್ಬರೇ ಉಳಿದಿರುತ್ತಾರೆ. ಆಸ್ಟ್ರೇಲಿಯದ ತೀರಕ್ಕೆ ತಿಂಗಳುಗಳು ಬೇಕು. ಮಲಪ್ರಭೆಯ ತೀರಕ್ಕೆ ಆರು ದಿನ ಸಾಕು. ಮುಂದಿನ ಎಳ್ಳ ಅಮಾವಾಸ್ಯೆಗೆ ರೊಟ್ಟಿ ಬಡಿಯುವಾಗ ಇನ್ನೆರಡು ದಿನದ ಹಿಟ್ಟನ್ನು ಹೆಚ್ಚಾಗಿ ಬೀಸಿಸಿರಿ. ಬಡಿಯುವವರು ದಣಿದರೆ ಯಜಮಾನರು ಒಲೆಯ ಮುಂದೆ ಕುಳಿತು ಬೇಯಿಸಲಿ. ಅದಕ್ಕೂ ಬಿಡುವಿಲ್ಲವಾದರೆ, ರೊಟ್ಟಿ ಮಾಡಿ ಮಾರುವ ಮಹಿಳೆಯರು ಈಗ ಊರೂರಿಗೆ ಇದ್ದಾರೆ. ಬುತ್ತಿ ಕಟ್ಟಿದ ಮೇಲೆ ಒಲೆಗೆ ನೀರು ಚಿಮುಕಿಸಿ, ಬಾಗಿಲಿಗೆ ಕೀಲಿ ಹಾಕಿ, ಇಬ್ಬರೂ ಹೊರಡಿರಿ.