ಹೊತ್ತಿಗೊದಗುವ ಪುಟ್ಟ ಪೆಟ್ಟಿಗೆ

ಬೆಂಗಳೂರು–ಮೈಸೂರು ಹಾದಿಯಲ್ಲಿ ಮದ್ದೂರಿಗೆ ಮುಂಚೆ ಸಿಗುವ ಸೋಮನಹಳ್ಳಿಯನ್ನು ನಾಡು ಎಸ್.ಎಂ. ಕೃಷ್ಣ ಅವರ ಹುಟ್ಟೂರೆಂದು ಬಲ್ಲದು. ಅವರು ಮುಖ್ಯಮಂತ್ರಿಯಾದ 1999ರಲ್ಲೇ ಅಮೆರಿಕದ ಅಲಬಾಮಾದಲ್ಲಿ ಮಾರ್ಕ್ ಸ್ಪೆನ್ಸರ್ ಎಂಬ ಕಾಲೇಜು ಹುಡುಗ ಒಂದು ಪುಟ್ಟ ಕಂಪನಿ ಶುರು ಮಾಡಿದ್ದ. ಕಚೇರಿಗೆ ಬೇಕಾದ ಟೆಲಿಫೋನ್ ಎಕ್ಸ್‌ಚೇಂಜ್ ಕೊಳ್ಳುವಷ್ಟು ಕಾಸು ಅವನಲ್ಲಿರಲಿಲ್ಲ. ಹಾಗಾಗಿ ಲಿನಕ್ಸ್ ಕಂಪ್ಯೂಟರಿನ ಮೇಲೆ ಓಡುವ ಎಕ್ಸ್‌ಚೇಂಜ್ ಒಂದನ್ನು ತಾನೇ ಬರೆದುಕೊಂಡ. ಅದೇ ಆಸ್ಟರಿಸ್ಕ್. ಎರಡು ಸಂಗತಿಗೂ ನಂಟೇನಿಲ್ಲ, ಕಾಲ ಕೂಡಿಬಂತು ಅಷ್ಟೆ. ಇವತ್ತು ಆ ಮುಕ್ತ ತಂತ್ರಾಂಶ ಯಾರಿಗೂ ಪುಕ್ಕಟೆ. ಸೋಮನಹಳ್ಳಿಯ ಕೈಗಾರಿಕಾ ಪ್ರದೇಶದ ಒಂದು ಘಟಕವೋ, ಹಾಲಿನ ಸಂಘವೋ, ಹತ್ತು ಹಾಸಿಗೆಯ ನರ್ಸಿಂಗ್ ಹೋಮೋ ಅದನ್ನು ಇಳಿಸಿಕೊಂಡು ತನ್ನದೇ ಎಕ್ಸ್‌ಚೇಂಜ್ ಕಟ್ಟಿಕೊಳ್ಳಬಹುದು. ಉಳಿಯುವ ಪ್ರಶ್ನೆ, ಯಾವ ಯಂತ್ರದ ಮೇಲೆ ಎಂಬುದು. ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಕೇಳಿದರೆ ಹೆಚ್ಚು ಕೋರ್, ಹೆಚ್ಚು ರ‍್ಯಾಮ್ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಲ್ಲಿ ಸುರಿಯುವ ದುಡ್ಡಿನ ಅರ್ಧವನ್ನು ಪ್ರೊಸೆಸರಿನಿಂದ ಕಿತ್ತು ಬ್ಯಾಟರಿ, ಅರ್ಥಿಂಗ್ ಮತ್ತು ಎರಡನೇ ಯಂತ್ರದ ಮೇಲೆ ಹಾಕಬೇಕೆಂಬುದು ನನ್ನ ವಾದ.

ಮೊದಲು ಕೆಲಸದ ಅಳತೆ ನೋಡೋಣ. ಫೋನಿನ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, 20 ಮಿಲಿಸೆಕೆಂಡಿಗೊಂದು ಪೊಟ್ಟಣ ಕಟ್ಟಿ ಕಳಿಸುವುದು ಸಾಮಾನ್ಯ ಪದ್ಧತಿ. ಅಂದರೆ ಒಂದು ದಿಕ್ಕಿಗೆ ಸೆಕೆಂಡಿಗೆ 50 ಪೊಟ್ಟಣ. ಇಬ್ಬರು ಸರ್ವರ್ ಮೂಲಕ ಮಾತಾಡಿದರೆ ಒಳಬರುವ ಎರಡು ಧಾರೆ, ಹೊರಹೋಗುವ ಎರಡು ಧಾರೆ ಸೇರಿ 200. ಏಕಕಾಲಕ್ಕೆ ಮೂವತ್ತು ಕರೆ ನಡೆದರೂ ಸೆಕೆಂಡಿಗೆ 6,000 ಪುಟಾಣಿ ಪೊಟ್ಟಣ. ಈಗಿನ ಅತಿ ಅಗ್ಗದ ಪ್ರೊಸೆಸರಿಗೂ ಇದು ಲೆಕ್ಕಕ್ಕಿಲ್ಲ. ಇನ್ನು ಮೂವತ್ತು ಕರೆ ಬರುವುದಾದರೂ ಎಲ್ಲಿ? ಎಷ್ಟು ಕರೆಗೆ ಎಷ್ಟು ಲೈನ್ ಬೇಕೆಂದು ಹೇಳುವ, ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1917ರಲ್ಲಿ ಕೊಟ್ಟ ಸೂತ್ರವನ್ನು ಎಕ್ಸ್‌ಚೇಂಜ್ ಕಟ್ಟುವವರು ಇವತ್ತಿಗೂ ಬಳಸುತ್ತಾರೆ. ಬೆಳಗ್ಗೆ ಹಾಲು ಅಳೆಯುವ ಹೊತ್ತಿನಲ್ಲಿ ಸಂಘಕ್ಕೆ ಒಂದು ಗಂಟೆಗೆ ನೂರು ಕರೆ ಬಂದು, ಒಂದೊಂದೂ ಮೂರು ನಿಮಿಷ ನಡೆಯಿತೆನ್ನಿ. ಆ ಸೂತ್ರದ ಪ್ರಕಾರ 11 ಲೈನ್ ಇದ್ದರೆ ನೂರರಲ್ಲಿ ಒಬ್ಬರಿಗೂ ‘ಬ್ಯುಸಿ’ ಸದ್ದು ಕೇಳಿಸದು. ದಿನದ ಅತ್ಯಂತ ಗಡಿಬಿಡಿಯ ಗಂಟೆಗೆ ಹನ್ನೊಂದೇ ಲೈನ್. ಹದಿನಾರು ಕೋರಿನ ಸರ್ವರ್ ಇಲ್ಲಿ ಮಾಡುವ ಮುಖ್ಯ ಕೆಲಸವೆಂದರೆ ಕೋಣೆ ಬಿಸಿ ಮಾಡುವುದು.

ಆದರೂ ದನಿ ಒಡೆಯುತ್ತದೆ, ಟಪಟಪ ಸದ್ದು ಬರುತ್ತದೆ, ಮಾತಿನ ನಡುವೆ ಅಕ್ಷರ ನುಂಗಿಹೋಗುತ್ತದೆ. ಕಾರಣ ಬಲದ ಕೊರತೆಯಲ್ಲ, ಹೊತ್ತು ತಪ್ಪುವುದು. ಮಿಂಚಂಚೆ ಎರಡು ಸೆಕೆಂಡ್ ತಡವಾದರೆ ಯಾರಿಗೂ ತಿಳಿಯದು. ಮಾತಿಗೆ ಆ ಸೌಲಭ್ಯವಿಲ್ಲ. ಬಾಯಿಂದ ಕಿವಿಗೆ 150 ಮಿಲಿಸೆಕೆಂಡಿನೊಳಗೆ ತಲುಪಬೇಕೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಆಸ್ಟರಿಸ್ಕ್‌ನ ಮೊದಲ ದಿನಗಳಲ್ಲಿ ಈ ಪರೀಕ್ಷೆ ಇನ್ನೂ ಕಟುವಾಗಿತ್ತು. ಜಿಮ್ ಡಿಕ್ಸನ್ ರೂಪಿಸಿದ ಅಗ್ಗದ ಟೆಲಿಫೋನ್ ಕಾರ್ಡುಗಳಲ್ಲಿ ದನಿ ಸಂಸ್ಕರಿಸುವ ಚಿಪ್ ಇರುತ್ತಿರಲಿಲ್ಲ, ಆ ದುಡಿಮೆಯನ್ನೆಲ್ಲ ಕಂಪ್ಯೂಟರಿನ ಪ್ರೊಸೆಸರೇ ಹೊರುತ್ತಿತ್ತು. ಹಾಗಾಗಿಯೇ ಅವು ಅಗ್ಗ. ಅದಕ್ಕೆ ತೆತ್ತ ಬೆಲೆಯೆಂದರೆ ಕಾರ್ಡು ಸೆಕೆಂಡಿಗೆ ಸಾವಿರ ಸಲ ಪ್ರೊಸೆಸರನ್ನು ತಟ್ಟಿ ಕರೆಯುತ್ತಿತ್ತು. ಡಿಸ್ಕ್ ನಿಯಂತ್ರಕವೂ ಅದೇ ಬಾಗಿಲನ್ನು ತಟ್ಟುವಂತಿದ್ದರೆ ಒಂದೆರಡು ತಟ್ಟು ಕೇಳಿಸದೇ ಹೋಗಿ ಫ್ಯಾಕ್ಸ್ ಅರ್ಧಕ್ಕೇ ನಿಲ್ಲುತ್ತಿತ್ತು. ಇಲ್ಲಿಗೆ ದೊಡ್ಡ ಲಾರಿ ಬೇಕಿಲ್ಲ, ಹೊತ್ತಿಗೆ ಸರಿಯಾಗಿ ಬರುವ ಹಾಲಿನ ವ್ಯಾನ್ ಸಾಕು.

ಹೀಗಾಗಿ ಯಂತ್ರವನ್ನು ಹದಗೊಳಿಸುವುದೆಂದರೆ ಬಹುಪಾಲು ಅಡ್ಡಿ ತೆಗೆಯುವ ಕೆಲಸ. ಎರಡೂ ತುದಿಯ ಫೋನ್ ಒಂದೇ ಕೋಡೆಕ್, ಅಂದರೆ ದನಿಯನ್ನು ಅಂಕಿಗಿಳಿಸುವ ಒಂದೇ ಕಟ್ಟಳೆ, ಆಡುವಂತೆ ಮಾಡಿದರೆ ನಡುವೆ ದನಿಯನ್ನು ಬಿಚ್ಚಿ ಮತ್ತೆ ಕಟ್ಟುವ ಶ್ರಮವೇ ಉಳಿಯುವುದಿಲ್ಲ. ಪ್ರೊಸೆಸರ್ ನಿಜಕ್ಕೂ ಬೆವರುವುದು ಅಲ್ಲೊಂದೇ ಕಡೆ. ಸೆಕೆಂಡಿಗೆ ಎಂಟು ಕಿಲೊಬಿಟ್‌ಗೆ ದನಿಯನ್ನು ಹಿಂಡುವ ಜಿ.729 ಕೋಡೆಕ್‌ನ ಪೇಟೆಂಟ್ 2017ರಲ್ಲಿ ತೀರಿತೆಂದು ಅದನ್ನು ಎಲ್ಲೆಡೆ ಹಾಕುವ ಹುಮ್ಮಸ್ಸು ಕೆಲವರಿಗಿದೆ. ಫೈಬರ್ ಬಂದ ಕಟ್ಟಡದೊಳಗೆ ಅದರ ಅಗತ್ಯ ಕಾಣೆ. ಹಿಂಡದ ಜಿ.711 ಕರೆಯೂ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 87 ಕಿಲೊಬಿಟ್ ತಿನ್ನುತ್ತದೆ. ಕರೆಗಳನ್ನು ಧ್ವನಿಮುದ್ರಿಸುವುದಾದರೆ ಒಂದು ಗಂಟೆಯ ಮಾತಿಗೆ ಸುಮಾರು 58 ಮೆಗಾಬೈಟ್. ಗಾತ್ರ ದೊಡ್ಡದಲ್ಲ. ಆದರೆ ಹನ್ನೊಂದು ಕಡತಕ್ಕೆ ಚೂರುಚೂರಾಗಿ ಬರೆಯುತ್ತ ತಿರುಗುವ ಹಳೆಯ ಡಿಸ್ಕ್ ಪರದಾಡುತ್ತದೆ. ಧ್ವನಿಮುದ್ರಣ ಮೊದಲು ಮೆಮೊರಿಯಲ್ಲೇ ಆಗಿ, ಕರೆ ಮುಗಿದ ಮೇಲೆ ಎಸ್‌ಎಸ್‌ಡಿಗೆ ಇಳಿದರೆ ಸುಸೂತ್ರ. ಕಾರ್ಡು ಹಾಕಿದ್ದರೆ ಬಯಾಸ್‌ನಲ್ಲಿ ಪ್ರೊಸೆಸರನ್ನು ತೂಕಡಿಸಲು ಬಿಡುವ ವಿದ್ಯುತ್ ಉಳಿತಾಯದ ಸೆಟ್ಟಿಂಗ್‌ಗಳನ್ನು ಬಂದ್ ಮಾಡಬೇಕು. ಅಕೌಂಟ್ಸ್ ತಂತ್ರಾಂಶವನ್ನೂ ಸಿಸಿಟಿವಿಯನ್ನೂ ಇದೇ ಯಂತ್ರಕ್ಕೆ ತುರುಕುವ ಜಾಣತನ ಬೇಡವೇ ಬೇಡ.

ಇಲ್ಲಿಯವರೆಗಿನದು ಜಗತ್ತಿನ ಯಾವ ಊರಿಗಾದರೂ ಸಲ್ಲುವ ಮಾತು. ಮಂಡ್ಯ ಸೀಮೆಯದೇ ಆದ ಕಷ್ಟ ಬೇರೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹರಿದಿತ್ತು. ಅದೇ ಜಿಲ್ಲೆಯ ಹಳ್ಳಿಯಲ್ಲಿ ಇವತ್ತೂ ಯಂತ್ರ ಕೊಳ್ಳುವವರು ಮೊದಲು ಕೇಳಬೇಕಾದ್ದು ಕರೆಂಟ್ ಹೋದಾಗ ಏನು ಗತಿ ಎಂದು. ಲೆಕ್ಕ ಸುಲಭ. 12 ವೋಲ್ಟಿನ 100 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿ ನೆಚ್ಚಿಕೊಳ್ಳಬಹುದಾದ್ದು ಸುಮಾರು 600 ವ್ಯಾಟ್-ಗಂಟೆ. ಫ್ಯಾನಿಲ್ಲದ ಪುಟ್ಟ ಕಂಪ್ಯೂಟರಿಗೆ 15 ವ್ಯಾಟ್, ಸ್ವಿಚ್ಚು ಮತ್ತು ಫೈಬರ್ ಪೆಟ್ಟಿಗೆಗೆ 35 ವ್ಯಾಟ್ ಎಂದಿಟ್ಟುಕೊಂಡರೆ ಹನ್ನೆರಡು ಗಂಟೆ ಮಾತು ನಡೆಯುತ್ತದೆ. ಅದೇ ಜಾಗದಲ್ಲಿ 200 ವ್ಯಾಟ್ ನುಂಗುವ ರ‍್ಯಾಕ್ ಸರ್ವರ್ ಇದ್ದರೆ ಎರಡೂವರೆ ಗಂಟೆಗೆ ಕತ್ತಲು. ಮನೆಯ ಇನ್ವರ್ಟರನ್ನೇ ಜೋಡಿಸುವವರು ಅದನ್ನು ಯುಪಿಎಸ್ ಮೋಡ್‌ಗೆ ಹಾಕಿದ್ದಾರೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಕರೆಂಟ್ ಹೋದೊಡನೆ ಯಂತ್ರ ಒಮ್ಮೆ ಆರಿ ಹೊತ್ತುತ್ತದೆ. ಆಲೆಮನೆಯ ಹೊಗೆ, ಸಕ್ಕರೆ ಕಾರ್ಖಾನೆಯ ಬೂದಿ, ರಸ್ತೆಯ ದೂಳು ಹೀರುವ ಫ್ಯಾನ್ ಇಲ್ಲದಿರುವುದೇ ಒಂದು ಲಾಭ. ಇನ್ನು ಏಪ್ರಿಲ್–ಮೇ ತಿಂಗಳ ಗುಡುಗು. ತಾಮ್ರದ ಲ್ಯಾಂಡ್‌ಲೈನ್ ಇದ್ದರೆ ಸಿಡಿಲಿನ ಹೊಡೆತ ತಂತಿ ಹಿಡಿದು ನೇರ ಕಾರ್ಡಿಗೆ, ಅಲ್ಲಿಂದ ಮದರ್‌ಬೋರ್ಡಿಗೆ ಬರುತ್ತದೆ. ಆದ್ದರಿಂದ ಕಾರ್ಡನ್ನು ಯಂತ್ರದೊಳಗೆ ಕೂರಿಸದೆ ಹೊರಗೊಂದು ಗೇಟ್‌ವೇ ಪೆಟ್ಟಿಗೆ ಇಡುವುದು ಲೇಸು. ಸುಟ್ಟರೆ ಅದೊಂದೇ ಸುಟ್ಟೀತು. ಫೈಬರ್ ಮೇಲೆ ಬರುವ ಲೈನಾದರೆ ಈ ಚಿಂತೆ ಇನ್ನೂ ಕಡಿಮೆ.

ಇದೇನೂ ಹೊಸ ಕಾಣ್ಕೆಯಲ್ಲ. 1984ರಲ್ಲಿ ಹುಟ್ಟಿದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ರೂಪಿಸಿ, ಮೊದಲನೆಯದನ್ನು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ನಿಲ್ಲಿಸಿತು. ಅದರ ದೊಡ್ಡಸ್ತಿಕೆ ಲೈನುಗಳ ಸಂಖ್ಯೆಯಲ್ಲಿರಲಿಲ್ಲ. ಏರ್‌ಕಂಡೀಷನರ್ ಇಲ್ಲದ ಕೋಣೆಯಲ್ಲಿ, ಸೆಕೆಯಲ್ಲಿ, ದೂಳಿನಲ್ಲಿ ಅದು ನಡೆಯುತ್ತಿತ್ತು. ಸಿ-ಡಾಟ್‌ನ ರೂವಾರಿ ಸ್ಯಾಮ್ ಪಿತ್ರೋಡಾ ಅವರ ತಂಡ ಹಳ್ಳಿಯ ಕೋಣೆಯನ್ನು ಮೊದಲು ನೋಡಿ ಯಂತ್ರವನ್ನು ಆಮೇಲೆ ರೂಪಿಸಿತ್ತು. ಮುಕ್ತ ತಂತ್ರಾಂಶದ ಕಾಲದಲ್ಲಿ ನಾವು ಯಂತ್ರವನ್ನು ಮೊದಲು ಕೊಂಡು, ಕೋಣೆಗೆ ಏಸಿ ಹಾಕಿಸಲು ಓಡಾಡುತ್ತಿದ್ದೇವೆ.

ಆಕ್ಷೇಪಗಳು ಬಾರದಿರವು. ‘ಬ್ರ್ಯಾಂಡೆಡ್ ಸರ್ವರ್ ಕೆಡುವುದಿಲ್ಲ, ಎರಡು ವಿದ್ಯುತ್ ಪೂರೈಕೆ ಇರುತ್ತದೆ, ತಪ್ಪು ತಿದ್ದುವ ಮೆಮೊರಿ ಇರುತ್ತದೆ’ ಎನ್ನುವುದು ಮೊದಲನೆಯದು. ಗುಣ ನಿಜ, ನಿಗಮನ ತಪ್ಪು. 2022ರ ಸೆಪ್ಟೆಂಬರ್ ಕೊನೆಯ ವಾರಾಂತ್ಯದಲ್ಲಿ ರಾಜ್ಯದ 108 ಆಂಬುಲೆನ್ಸ್ ಸೇವೆಯ ಕರೆ ಕೇಂದ್ರ ತತ್ತರಿಸಿದಾಗ ಹೊರಬಂದ ಕಾರಣ ಹಳತಾದ ವ್ಯವಸ್ಥೆ ಮತ್ತು ಮದರ್‌ಬೋರ್ಡ್ ದೋಷ. ಇಡೀ ರಾಜ್ಯಕ್ಕೆ ಕಟ್ಟಿದ್ದಕ್ಕೇ ಹೀಗಾಗುವುದಾದರೆ, ಕೆಡುವುದು ಖಚಿತವೆಂದೇ ತಿಳಿದು ಕಟ್ಟುವುದು ವಿವೇಕ. ಒಂದು ಭಾರಿ ಯಂತ್ರದ ಬೆಲೆಗೆ ಒಂದೇ ತರಹದ ಎರಡು ಸಣ್ಣವು ಬರುತ್ತವೆ. ಎರಡನೆಯದು ಅದೇ ಸೆಟ್ಟಿಂಗ್ ಹೊತ್ತು ಕಾದಿದ್ದರೆ, ತಂತಿ ಬದಲಿಸುವಷ್ಟರಲ್ಲಿ ಕರೆ ಮತ್ತೆ ಶುರು. ‘ಹಾಗಾದರೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಸಾಲದೇ’ ಎಂದು ಇನ್ನೊಂದು ತುದಿಯವರು ಕೇಳುತ್ತಾರೆ. ಹನ್ನೊಂದು ಕರೆಗೆ ಅದರ ಬಲ ಸಾಕು. ಕಡಿಮೆ ಬೀಳುವುದು ಮೆಮೊರಿ ಕಾರ್ಡು. ಸದಾ ಬರೆಯುತ್ತಿದ್ದರೆ ಅದು ಸವೆಯುತ್ತದೆ, ಕರೆಂಟ್ ಥಟ್ಟನೆ ಹೋದರೆ ಕಡತ ಕೆಡುತ್ತದೆ. ಎಸ್‌ಎಸ್‌ಡಿ ಕಟ್ಟಿಕೊಟ್ಟರೆ ನನ್ನ ತಕರಾರಿಲ್ಲ.

ಕ್ಲೌಡ್‌ವಾದಿಗಳ ಪ್ರಶ್ನೆ ಇವೆಲ್ಲಕ್ಕಿಂತ ಗಟ್ಟಿ: ಹಳ್ಳಿಯಲ್ಲಿ ಯಂತ್ರವೇ ಏಕೆ? 2010ರಲ್ಲಿ ಶುರುವಾದ ಸಿಜಿನೆಟ್ ಸ್ವರ ಎಂಬ ಫೋನ್ ಸುದ್ದಿ ಸೇವೆ ಅವರ ಪರ ಒಳ್ಳೆಯ ಸಾಕ್ಷಿ. ಛತ್ತೀಸಗಡದ ಕಾಡಂಚಿನ ಜನ ಬೆಂಗಳೂರಿನ 080 ಸಂಖ್ಯೆಗೆ ಕರೆ ಮಾಡಿ ತಮ್ಮ ಸುದ್ದಿ ಹೇಳುತ್ತಿದ್ದರು, ಕೇಳುತ್ತಿದ್ದರು. ಕೇಳುಗರು ಊರೂರಿಗೆ ಚದುರಿದ್ದಾಗ ಸರ್ವರ್ ನಗರದಲ್ಲಿರುವುದೇ ಸರಿ, ಒಪ್ಪಿದೆ. ನರ್ಸಿಂಗ್ ಹೋಮಿನ ಸಂಗತಿ ಹಾಗಲ್ಲ. ವಾರ್ಡಿನಿಂದ ಔಷಧ ಅಂಗಡಿಗೆ, ಲ್ಯಾಬಿನಿಂದ ಡಾಕ್ಟರ ಕೋಣೆಗೆ ಹೋಗುವ ಕರೆಗಳೇ ಅಲ್ಲಿ ಹೆಚ್ಚು. ರಸ್ತೆ ಅಗೆಯುವ ಜೆಸಿಬಿ ಫೈಬರ್ ಕಿತ್ತ ದಿನ ಕ್ಲೌಡ್ ನೆಚ್ಚಿದವರಿಗೆ ಪಕ್ಕದ ಕೋಣೆಯೂ ಸಿಗುವುದಿಲ್ಲ. ಯಂತ್ರ ಮನೆಯಲ್ಲಿದ್ದರೆ ಒಳಗಿನ ಮಾತು ನಿಲ್ಲದು. ಹೊರಗಿನದಕ್ಕೆ ಸಿಮ್ ಹಾಕಿದ ಗೇಟ್‌ವೇಯೊಂದು ಬೆಂಬಲಕ್ಕೆ ಇರಬಹುದು. ಮುಖ್ಯ ಸಂಪರ್ಕವನ್ನಂತೂ ಪರವಾನಗಿ ಇರುವ ದೂರಸಂಪರ್ಕ ಸಂಸ್ಥೆಯಿಂದಲೇ ಪಡೆಯಬೇಕು, ಇಂಟರ್ನೆಟ್ಟಿನಲ್ಲಿ ಅಡ್ಡದಾರಿ ಹಿಡಿದರೆ ಕಾನೂನು ಬಿಡುವುದಿಲ್ಲ. ಪಾಸ್‌ವರ್ಡ್ ಸಡಿಲವಿದ್ದರೆ ರಾತ್ರೋರಾತ್ರಿ ಯಾರೋ ನಿಮ್ಮ ಲೈನಿನಲ್ಲಿ ವಿದೇಶಕ್ಕೆ ಮಾತಾಡಿ ಬಿಲ್ಲು ಏರಿಸಿರುತ್ತಾರೆ. ಐಎಸ್‌ಡಿ ಬೇಡದವರು ಅದನ್ನು ಮೊದಲ ದಿನವೇ ಮುಚ್ಚಿಸಲಿ.

ನೋಡಿಕೊಳ್ಳುವವರು ಯಾರು ಎಂಬುದು ಉಳಿಯುತ್ತದೆ. ಭಾರಿ ಸರ್ವರಿನ ಬಿಡಿಭಾಗಕ್ಕೆ ಬೆಂಗಳೂರಿನತ್ತ ಕೈಚಾಚಬೇಕು. ಸಾಧಾರಣ ಯಂತ್ರದ ಎಸ್‌ಎಸ್‌ಡಿ, ಅಡಾಪ್ಟರ್ ಮದ್ದೂರು–ಮಂಡ್ಯದ ಅಂಗಡಿಗಳಲ್ಲೇ ಸಿಗುತ್ತವೆ, ಮಂಡ್ಯದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲಿನಕ್ಸ್ ಕಲಿತ ಹುಡುಗರಿಗೂ ಅದು ಗುರುತಿನದೇ. ಗುತ್ತಿಗೆದಾರರಿಗೆ ಕೊನೆಯ ಕಂತು ಕೊಡುವ ಮೊದಲು ಸಂಘದ ಕಾರ್ಯದರ್ಶಿ ಒಂದು ಕೆಲಸ ಮಾಡಲಿ. ಹಾಲಿನ ಗಡಿಬಿಡಿಯ ಹೊತ್ತಿಗೆ ಸರಿಯಾಗಿ ಮೇನ್ ಸ್ವಿಚ್ ಆರಿಸಿ ಒಂದು ಗಂಟೆ ಬಿಡಲಿ. ಆಮೇಲೆ ಮೊದಲ ಯಂತ್ರದ ತಂತಿ ಕಿತ್ತು, ಎರಡನೆಯದನ್ನು ಎಬ್ಬಿಸಿ ಎಂದು ಗುತ್ತಿಗೆದಾರರಿಗಲ್ಲ, ಸಂಘದ ಗುಮಾಸ್ತರಿಗೆ ಹೇಳಲಿ.